ಎರಡು ಸ್ಟೇಷನ್, ನಡುವೆ ಒಂದು ಮೆಟ್ಟಿಲು

2017ರ ಸೆಪ್ಟೆಂಬರ್ 29, ಶುಕ್ರವಾರ. ಆಯುಧಪೂಜೆ. ನಾನಾಗ ಇಂಜಿನಿಯರಿಂಗ್ ಓದುತ್ತಿದ್ದೆ, ಹಬ್ಬಕ್ಕೆ ಕುಂದಾಪುರಕ್ಕೆ ಬಂದಿದ್ದೆ. ಅಪ್ಪನ ಸ್ಕೂಟರ್ ತೊಳೆದು, ನನ್ನ ಹಳೇ ಲ್ಯಾಪ್‌ಟಾಪಿಗೂ ಕುಂಕುಮ ಇಟ್ಟು, ಸೇವಂತಿಗೆ ಮಾಲೆ ಹಾಕುತ್ತಾ ಇದ್ದೆ. ಒಳಗಡೆ ಟಿವಿ ಓಡುತ್ತಿತ್ತು. ಅಮ್ಮ ಅಲ್ಲಿಂದಲೇ ಕೂಗಿದಳು, "ಮುಂಬೈಯಲ್ಲಿ ಎಂತದೋ ಆಯ್ತಂತೆ ಕಾಣ್, ಪರೇಲ್ ಅಂತ ಹೇಳ್ತಿದ್ದಾರೆ."

ಪರೇಲ್ ಅಂದ ಕೂಡಲೇ ನಮಗೆಲ್ಲ ನೆನಪಾಗಿದ್ದು ಮಾವ. ಅಮ್ಮನ ಅಣ್ಣ. ದಿನಾ ಬೆಳಿಗ್ಗೆ ಡೊಂಬಿವಲಿಯಿಂದ ಲೋಕಲ್ ಹತ್ತಿ ಪರೇಲಿನಲ್ಲಿ ಇಳಿದು, ಸೇತುವೆ ದಾಟಿ ಎಲ್ಫಿನ್‌ಸ್ಟನ್ ರೋಡ್ ಕಡೆ ಕೆಲಸಕ್ಕೆ ಹೋಗುವವರು. ಫೋನ್ ಮಾಡಿದರೆ ಸಿಗಲಿಲ್ಲ. ಮತ್ತೆ ಮಾಡಿದೆವು, ಸಿಗಲಿಲ್ಲ. ಮಧ್ಯಾಹ್ನ ಒಂದು ಗಂಟೆ ದಾಟಿದ ಮೇಲೆ ಅವರೇ ಮಾಡಿದರು. "ಎಂತ ಆಗಲಿಲ್ಲ, ಊಟ ಮಾಡಿ ನೀವು" ಅಂದು ಇಟ್ಟುಬಿಟ್ಟರು. ಆ ದಿನ ಆ ಸೇತುವೆಯ ಮೆಟ್ಟಿಲುಗಳ ಮೇಲೆ ಕಾಲ್ತುಳಿತಕ್ಕೆ ಸಿಕ್ಕಿ 23 ಜನ ಸತ್ತರು.

ಮುಂದೆ ನನಗೂ ಮುಂಬೈಯಲ್ಲೇ ಕೆಲಸ ಸಿಕ್ಕಿತು, ಅದೂ ಲೋವರ್ ಪರೇಲಿನಲ್ಲಿ! ಎರಡು ವರ್ಷ ಅದೇ ಸ್ಟೇಷನ್ನಿನಲ್ಲಿ ಇಳಿದು ಹತ್ತಿ ಮಾಡಿದೆ. ಆಗ ಹುಟ್ಟಿದ ಕುತೂಹಲದಿಂದ ಅಲ್ಲಿ ಇಲ್ಲಿ ಓದಿಕೊಂಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ಸಹಿಸಿಕೊಳ್ಳಿ :-)

ಮೊದಲ ಪ್ರಶ್ನೆ. ಒಂದೇ ಜಾಗದಲ್ಲಿ ಅಕ್ಕಪಕ್ಕ ಎರಡು ಸ್ಟೇಷನ್ ಯಾಕೆ? ಪರೇಲ್ ಒಂದು, ಅದಕ್ಕೆ ತಾಗಿಕೊಂಡೇ ಎಲ್ಫಿನ್‌ಸ್ಟನ್ ರೋಡ್ ಇನ್ನೊಂದು. ಉತ್ತರ ಇಂಗ್ಲೀಷರ ಕಾಲದ ಎರಡು ಕಂಪನಿಗಳಲ್ಲಿದೆ. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಮೊದಲ ಪ್ರಯಾಣಿಕರ ರೈಲು ಓಡಿಸಿತು ಅನ್ನೋದು ನಾವೆಲ್ಲ ಶಾಲೆಯಲ್ಲಿ ಓದಿದ್ದೇ. ಪರೇಲ್ ಈ ಕಂಪನಿಯ ದಾರಿಯಲ್ಲಿತ್ತು. ಇನ್ನೊಂದು ಬಾಂಬೆ, ಬರೋಡಾ ಎಂಡ್ ಸೆಂಟ್ರಲ್ ಇಂಡಿಯಾ ರೈಲ್ವೆ. ಅದು ಗುಜರಾತಿನ ಕಡೆಯಿಂದ ಹಳಿ ಹಾಕಿಕೊಂಡು ಬಂದು, 1867ರಲ್ಲಿ ವಿರಾರಿನಿಂದ ಬ್ಯಾಕ್ ಬೇವರೆಗೆ ಲೋಕಲ್ ಶುರು ಮಾಡಿತು. ಎಲ್ಫಿನ್‌ಸ್ಟನ್ ರೋಡ್ ಈ ಕಂಪನಿಯದ್ದು. ಎರಡಕ್ಕೂ ಬೇರೆ ಲೆಕ್ಕ, ಬೇರೆ ಟಿಕೆಟ್, ಬೇರೆ ಕಾರ್ಖಾನೆ. ಮುಂಬೈಯ ಉದ್ದಕ್ಕೂ ಎರಡು ಹಳಿಗಳು ಒಂದರ ಪಕ್ಕ ಒಂದು ಬಂದು, ಈ ಭಾಗದಲ್ಲಿ ಹೆಚ್ಚುಕಮ್ಮಿ ಭುಜಕ್ಕೆ ಭುಜ ತಾಗಿಸಿ ಓಡುತ್ತವೆ. ಆದರೆ ಒಬ್ಬರ ಮನೆಗೆ ಇನ್ನೊಬ್ಬರು ಬಾಗಿಲು ಇಟ್ಟಿರಲಿಲ್ಲ!

ಸ್ವಾತಂತ್ರ್ಯ ಬಂತು. 1951ರ ನವೆಂಬರ್ 5ರಂದು ಮೊದಲನೆಯದು ಮಧ್ಯ ರೈಲ್ವೆ ಆಯಿತು, ಎರಡನೆಯದು ಪಶ್ಚಿಮ ರೈಲ್ವೆ. ಒಂದೇ ದಿನ ಹುಟ್ಟಿದ ಅಣ್ಣತಮ್ಮಂದಿರು. ಇಬ್ಬರ ಯಜಮಾನನೂ ಒಬ್ಬನೇ, ಭಾರತ ಸರ್ಕಾರ. ಆದರೂ ಮನೆ ಪಾಲಾದದ್ದು ಪಾಲಾದ ಹಾಗೇ ಉಳಿಯಿತು. ಎರಡು ಸ್ಟೇಷನ್, ಎರಡು ಹೆಸರು, ಎರಡು ಆಫೀಸು.

ಹೆಸರಿನ ಕಥೆಯೂ ಮಜವಾಗಿದೆ. ಎಲ್ಫಿನ್‌ಸ್ಟನ್ ಅಂದರೆ ಎಲ್ಫಿನ್‌ಸ್ಟನ್ ಕಾಲೇಜಿನ ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್ ಅಂತಲೇ ನಾನು ಅಂದುಕೊಂಡಿದ್ದೆ. ಅಲ್ಲವಂತೆ. ಇದು ಅವನ ಸಂಬಂಧಿ ಲಾರ್ಡ್ ಜಾನ್ ಎಲ್ಫಿನ್‌ಸ್ಟನ್, 1853ರಿಂದ 1860ರವರೆಗೆ ಮುಂಬೈ ಗವರ್ನರ್ ಆಗಿದ್ದವನು. ಅದಕ್ಕೂ ಮೊದಲು, 1837ರಿಂದ 1842ರವರೆಗೆ ಇವನೇ ಮದ್ರಾಸಿನ ಗವರ್ನರ್. ಆಗ ನಮ್ಮ ಕನ್ನಡ ಜಿಲ್ಲೆ ಇದ್ದದ್ದು ಮದ್ರಾಸ್ ಪ್ರಾಂತ್ಯದಲ್ಲಿ. ಅಂದರೆ ಕುಂದಾಪುರದ ಜನರನ್ನು ಒಂದು ಕಾಲದಲ್ಲಿ ಆಳಿದವನ ಹೆಸರಿನ ಸ್ಟೇಷನ್ನಿಗೇ ನಮ್ಮ ಮಾವ ದಿನಾ ನಡೆದು ಹೋಗುತ್ತಿದ್ದರು. ಮಾವನಿಗೆ ಹೇಳಿದರೆ "ಅವ ನಮ್ಮನ್ನೆಂತ ಬಿಡೂದಿಲ್ವಾ ಹಾಂಗಾರೆ" ಅಂದು ನಕ್ಕರು.

ಪರೇಲ್ ಒಂದು ಕಾಲದಲ್ಲಿ ಗವರ್ನರುಗಳ ಬಂಗಲೆ ಇದ್ದ ಜಾಗ. ಆ ಬಂಗಲೆಯಲ್ಲೇ ಮುಂದೆ ಪ್ಲೇಗ್ ಲಸಿಕೆ ಕಂಡುಹಿಡಿದ ಹಾಫ್‌ಕಿನ್ನನ ಪ್ರಯೋಗಾಲಯ ಬಂತು. ಆದರೆ ಪರೇಲಿಗೆ ಜನ ತುಂಬಿದ್ದು ಹತ್ತಿಯಿಂದ. 1850ರ ದಶಕದಲ್ಲಿ ಮುಂಬೈಗೆ ಬಂದ ಬಟ್ಟೆ ಮಿಲ್ಲುಗಳು ನೋಡನೋಡುತ್ತಾ ಪರೇಲ್, ಲಾಲ್‌ಬಾಗ್, ವರ್ಲಿ ಕಡೆಯೆಲ್ಲ ಹಬ್ಬಿದವು. ಕೆಲಸಗಾರರು ಅಲ್ಲೇ ಸುತ್ತಮುತ್ತ ಚಾಳುಗಳಲ್ಲಿ ಇರುತ್ತಿದ್ದರು. ಸೈರನ್ ಕೇಳಿದರೆ ನಡೆದುಕೊಂಡೇ ಹೋಗುವಷ್ಟು ಹತ್ತಿರ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ನಮ್ಮೂರಿನವರು ಮುಂಬೈಗೆ ಹೋದದ್ದು ಹೋಟೆಲಿಗೆ. ಮಾವ ಹೋದಾಗ 14 ವರ್ಷ. ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸೋದು, ರಾತ್ರಿ ಕನ್ನಡ ರಾತ್ರಿಶಾಲೆ. ಹೀಗೆ ಓದಿದ ನಮ್ಮ ಕಡೆಯವರು ಎಷ್ಟು ಜನವೋ. ಆಮೇಲೆ ಒಂದು ಮಿಲ್ಲಿನ ಕ್ಯಾಂಟೀನು ಸೇರಿದರು. 1982ರ ಜನವರಿ 18ರಂದು ದತ್ತಾ ಸಾಮಂತರ ನೇತೃತ್ವದಲ್ಲಿ ಮಿಲ್ ಮುಷ್ಕರ ಶುರುವಾಯಿತು. ಸುಮಾರು ಎರಡೂವರೆ ಲಕ್ಷ ಕೆಲಸಗಾರರು ಹೊರಗೆ ಬಂದರು. ಬಹಳಷ್ಟು ಮಿಲ್ಲುಗಳು ಮತ್ತೆ ಚೇತರಿಸಿಕೊಳ್ಳಲೇ ಇಲ್ಲ. ಮಿಲ್ಲೇ ಇಲ್ಲದ ಮೇಲೆ ಕ್ಯಾಂಟೀನು ಎಲ್ಲಿಂದ? ಮಾವ ಮತ್ತೆ ಹೋಟೆಲಿಗೆ ಬಂದರು.

ಮಿಲ್ ಜಾಗಗಳನ್ನು ಬೇರೆ ಉಪಯೋಗಕ್ಕೆ ಬಿಡುವ ನಿಯಮ 1991ರಲ್ಲಿ ಬಂತು, 2001ರಲ್ಲಿ ಅದು ಇನ್ನಷ್ಟು ಸಡಿಲವಾಯಿತು. ಚಿಮಣಿ ಇದ್ದಲ್ಲಿ ಗಾಜಿನ ಕಟ್ಟಡ ಎದ್ದವು. ಬ್ಯಾಂಕು, ಟಿವಿ ಚಾನಲ್, ಮಾಲ್, ನಮ್ಮಂಥ ಸಾಫ್ಟ್‌ವೇರಿನವರು! ಮಾವನಿಗೂ ಅಂಥದ್ದೇ ಒಂದು ಕಟ್ಟಡದ ಕ್ಯಾಂಟೀನಿನಲ್ಲಿ ಕೆಲಸ ಸಿಕ್ಕಿತು.

ಈಗ ಆ ನೆನಪಿಟ್ಟುಕೊಂಡ ವಿಷಯಕ್ಕೆ ಬನ್ನಿ. ಮಿಲ್ ಕೆಲಸಗಾರ ನಡೆದು ಬರುತ್ತಿದ್ದ. ಗಾಜಿನ ಕಟ್ಟಡದವರು ಠಾಣೆ, ಡೊಂಬಿವಲಿ, ಕಲ್ಯಾಣದಿಂದ ರೈಲಿನಲ್ಲಿ ಬರುತ್ತಾರೆ. ಅವರಿಗೆ ಸಿಗೋದು ಮಧ್ಯ ರೈಲ್ವೆ, ಇಳಿಯೋದು ಪರೇಲಿನಲ್ಲಿ. ಆದರೆ ಆಫೀಸುಗಳು ಹೆಚ್ಚಾಗಿ ಇರೋದು ಪಶ್ಚಿಮಕ್ಕೆ, ಎಲ್ಫಿನ್‌ಸ್ಟನ್ ರೋಡ್ ಆಚೆ. ಎರಡು ಸ್ಟೇಷನ್‌ಗಳನ್ನು ಸೇರಿಸುವ ಇಕ್ಕಟ್ಟಾದ ಪಾದಚಾರಿ ಸೇತುವೆಯನ್ನು ದಾಟಲೇಬೇಕು. ಮಿಲ್ ಕಾಲದ ಸ್ಟೇಷನ್, ಆಫೀಸ್ ಕಾಲದ ಜನ.

ಕಾಲೇಜಿನಲ್ಲಿ ಕ್ಯೂಯಿಂಗ್ ಥಿಯರಿ ಅಂತ ಒಂದು ಪಾಠ ಇತ್ತು. ಬರುವವರ ವೇಗ ಹೋಗುವವರ ವೇಗಕ್ಕಿಂತ ಜಾಸ್ತಿಯಾದರೆ ಸಾಲು ಬೆಳೆಯುತ್ತಲೇ ಹೋಗುತ್ತದೆ, ಅಷ್ಟೇ. ಉದಾಹರಣೆಗೆ ಒಂದು ಮೆಟ್ಟಿಲಿನಲ್ಲಿ ನಿಮಿಷಕ್ಕೆ 200 ಜನ ಇಳಿಯಬಹುದು ಅಂದುಕೊಳ್ಳಿ. ನಾಲ್ಕು ನಿಮಿಷಕ್ಕೊಂದು ರೈಲು ಬಂದು 700 ಜನರನ್ನು ಇಳಿಸಿದರೆ ತೊಂದರೆ ಇಲ್ಲ. ಎರಡು ರೈಲು ಒಟ್ಟಿಗೆ ಬಂದರೆ ಮುಗಿಯಿತು. ಅದರ ಮೇಲೆ ಕೆಳಗಿನ ಬಾಗಿಲೇ ಮುಚ್ಚಿಹೋದರೆ?

ಆ ದಿನ ಬೆಳಿಗ್ಗೆ ಹತ್ತೂವರೆ ಹೊತ್ತಿಗೆ ಆದದ್ದು ಅದೇ. ಜೋರು ಮಳೆ ಬಂತು. ಕೆಳಗೆ ಇಳಿಯಬೇಕಾದವರು ನೆನೆಯಬಾರದು ಅಂತ ಮೆಟ್ಟಿಲ ಮೇಲೇ ನಿಂತರು. ಹಿಂದಿನಿಂದ ರೈಲುಗಳು ಜನರನ್ನು ಇಳಿಸುತ್ತಲೇ ಇದ್ದವು. ಹೂವಿನ ಹೊರೆ ಬಿದ್ದಾಗ ಯಾರೋ 'ಫೂಲ್ ಗಿರ್ ಗಯಾ' ಅಂದದ್ದು 'ಪೂಲ್ ಗಿರ್ ಗಯಾ', ಅಂದರೆ ಸೇತುವೆ ಬಿತ್ತು ಅಂತ ಕೇಳಿಸಿ ಜನ ಗಾಬರಿಯಾದರು ಅಂತ ಆಗ ಪೇಪರುಗಳಲ್ಲಿ ಬಂದಿತ್ತು. ದಸರೆಯ ಹಿಂದಿನ ದಿನ, ಹೂವಿನ ಹೊರೆ ಇರುವುದು ಸಹಜವೇ. ರೈಲ್ವೆಯ ತನಿಖೆ ಮಳೆ ಮತ್ತು ಜನಸಂದಣಿಯತ್ತ ಬೆರಳು ತೋರಿಸಿತು. ಆದರೆ ಮಳೆ, ಹೂವು ಎರಡೂ ಮುಂಬೈಗೆ ಹೊಸತಲ್ಲವಲ್ಲ?

ನನಗೆ ಹೊಟ್ಟೆ ಉರಿಯೋದು ಇದಕ್ಕೆ. ಈ ಸೇತುವೆ ಸಾಲುವುದಿಲ್ಲ ಅಂತ ಎಲ್ಲರಿಗೂ ಗೊತ್ತಿತ್ತು. ಪ್ರಯಾಣಿಕರು ದೂರು ಕೊಟ್ಟಿದ್ದರು, ಆ ಭಾಗದ ಸಂಸದರು ಪತ್ರ ಬರೆದಿದ್ದರು, ಅಗಲವಾದ ಹೊಸ ಸೇತುವೆಗೆ ಮಂಜೂರಾತಿಯೂ ಸಿಕ್ಕಿತ್ತು. ಆದರೆ ಕಾಗದ ಕಡತದಿಂದ ಕೆಳಗೆ ಇಳಿದಿರಲಿಲ್ಲ.

ಆಮೇಲೆ? ಅಕ್ಟೋಬರ್ 31ರಂದು ಸೇನೆಯೇ ಸೇತುವೆ ಕಟ್ಟುತ್ತದೆ ಅಂತ ಘೋಷಣೆ ಆಯಿತು. ಎಲ್ಫಿನ್‌ಸ್ಟನ್ ರೋಡ್, ಕರ್ರಿ ರೋಡ್, ಅಂಬಿವಲಿ ಮೂರು ಕಡೆ. ಬಂದವರು ಪುಣೆಯ ಬಾಂಬೆ ಸ್ಯಾಪರ್ಸ್. ಕಟ್ಟಿದ್ದು ಬೈಲಿ ಸೇತುವೆ. ಎರಡನೇ ಮಹಾಯುದ್ಧದ ಹೊತ್ತಿಗೆ ಡೊನಾಲ್ಡ್ ಬೈಲಿ ಅನ್ನುವ ಇಂಗ್ಲೀಷ್ ಇಂಜಿನಿಯರ್ ಮಾಡಿದ ವಿನ್ಯಾಸ ಅದು. ಹತ್ತು ಅಡಿ ಉದ್ದದ ಒಂದೇ ಅಳತೆಯ ಕಬ್ಬಿಣದ ಚೌಕಟ್ಟುಗಳು, ಆರು ಜನ ಎತ್ತುವಷ್ಟು ತೂಕ. ಪಿನ್ ಹಾಕಿ ಒಂದಕ್ಕೊಂದು ಜೋಡಿಸುತ್ತಾ ಹೋದರೆ ಸೇತುವೆ. ಸೇನೆ ಇರೋದು ಗಡಿ ಕಾಯೋದಕ್ಕೆ, ಸ್ಟೇಷನ್ ಮೆಟ್ಟಿಲು ಕಟ್ಟೋದಕ್ಕಲ್ಲ ಅಂತ ಟೀಕೆಯೂ ಬಂತು, ಅದರಲ್ಲಿ ಅರ್ಥ ಇಲ್ಲದೇ ಇಲ್ಲ. 2018ರ ಫೆಬ್ರವರಿ 27ಕ್ಕೆ ಸೇತುವೆ ತೆರೆಯಿತು. ನಾನು ಕ್ಯಾಲೆಂಡರ್ ಹಿಡಿದು ಎಣಿಸಿದೆ. ಕಾಲ್ತುಳಿತದ ದಿನದಿಂದ 151 ದಿನ. ವರ್ಷಗಟ್ಟಲೆ ಆಗದೇ ಇದ್ದದ್ದು 151 ದಿನದಲ್ಲಿ ಆಯಿತು!! ಸಂತೋಷಪಡಬೇಕೋ ಅಳಬೇಕೋ ಗೊತ್ತಾಗುವುದಿಲ್ಲ.

ಅದೇ ವರ್ಷ ಜುಲೈಯಲ್ಲಿ ಎಲ್ಫಿನ್‌ಸ್ಟನ್ ರೋಡ್ ಹೆಸರು ಹೋಗಿ ಪ್ರಭಾದೇವಿ ಅಂತಾಯಿತು. 2019ರ ಮಾರ್ಚ್ 3ರಂದು ಪರೇಲಿನಲ್ಲಿ ಟರ್ಮಿನಸ್ ಶುರುವಾಯಿತು, ಕೆಲವು ಲೋಕಲ್‌ಗಳು ಅಲ್ಲಿಂದಲೇ ಹೊರಡತೊಡಗಿದವು. ಸಂಜೆ ಮನೆಗೆ ಹೋಗುವವರಿಗೆ ಖಾಲಿ ರೈಲು ಸಿಗುವುದೆಂದರೆ ಮುಂಬೈಯಲ್ಲಿ ಅದೊಂದು ಹಬ್ಬ. ಸ್ಟೇಷನ್ನಿನ ಮಗ್ಗುಲಲ್ಲಿದ್ದ ಶತಮಾನ ದಾಟಿದ ಎಲ್ಫಿನ್‌ಸ್ಟನ್ ರಸ್ತೆ ಸೇತುವೆಯನ್ನೂ 2025ರ ಸೆಪ್ಟೆಂಬರಿನಲ್ಲಿ ಮುಚ್ಚಿದರು. ಶಿವಡಿಯಿಂದ ವರ್ಲಿಗೆ ಹೋಗುವ ಹೊಸ ಮೇಲ್ರಸ್ತೆಗಾಗಿ ಅದನ್ನು ಕೆಡವಿ ಎರಡು ಅಂತಸ್ತಿನ ಸೇತುವೆ ಕಟ್ಟುವ ಯೋಜನೆ. ಆ ಗವರ್ನರನ ಕೊನೆಯ ಗುರುತುಗಳಲ್ಲಿ ಒಂದು ಹೀಗೆ ಹೋಯಿತು.

2022ರ ಒಂದು ಭಾನುವಾರ ಮಾವನ ಜೊತೆ ಆ ಸೇನೆ ಕಟ್ಟಿದ ಸೇತುವೆ ಮೇಲೆ ನಡೆದೆ. ಐದು ವರ್ಷದಲ್ಲಿ ಮೊದಲ ಬಾರಿ ಅವರು ಆ ದಿನದ ಬಗ್ಗೆ ಮಾತಾಡಿದರು. ಕೊಡೆ ಮರೆತು ಬಂದಿದ್ದರಂತೆ. ಪರೇಲ್ ಪ್ಲಾಟ್‌ಫಾರಂನಲ್ಲಿ ಮಾಡಿನ ಕೆಳಗೆ, ಮಳೆ ಕಡಿಮೆಯಾಗಲಿ ಅಂತ ನಿಂತರಂತೆ. ಅಷ್ಟೇ. "ಮೇಲೆ ನಿಂತವರೂ ಅದಕ್ಕೇ ನಿಂತದ್ದು ಮಾಣಿ. ನಾನು ಕೆಳಗೆ ನಿಂತೆ, ಅವರು ಮೇಲೆ ನಿಂತರು" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಕಾಣ್ ಮಾಣಿ, ಈಗ ಎಷ್ಟು ಅಗಲ ಮಾಡಿದ್ದಾರೆ" ಅಂದರು.

ಅದಾದ ಮರುದಿನ ಆಫೀಸಿಗೆ ಹೋಗಿ ನಾನು ಮಾಡಿದ ಮೊದಲ ಕೆಲಸ ಒಂದು ಹಳೇ ಟಿಕೆಟ್ ತೆಗೆದದ್ದು. ರೈಲ್ವೆ ಟಿಕೆಟ್ ಅಲ್ಲ, ನಮ್ಮ ಸಾಫ್ಟ್‌ವೇರಿನವರ ಬಗ್ ಟಿಕೆಟ್. ನಮ್ಮ ತಂಡದ ಕೋಡು ಮತ್ತು ಇನ್ನೊಂದು ತಂಡದ ಕೋಡು ಸೇರುವ ಜಾಗದಲ್ಲಿ, ಲೋಡ್ ಜಾಸ್ತಿಯಾದರೆ ಸಿಕ್ಕಿಕೊಳ್ಳುತ್ತದೆ ಅಂತ ಯಾರೋ ತಿಂಗಳುಗಳ ಹಿಂದೆ ಬರೆದಿದ್ದರು. ನಮ್ಮದಲ್ಲ ಅಂತ ಅವರಿಗೆ ಕಳಿಸಿದ್ದೆ, ಅವರದ್ದಲ್ಲ ಅಂತ ವಾಪಸ್ ಬಂದಿತ್ತು, ನಾನು ಮುಚ್ಚಿಬಿಟ್ಟಿದ್ದೆ. ಅದರಿಂದ ಯಾರ ಜೀವವೂ ಹೋಗುತ್ತಿರಲಿಲ್ಲ, ಹೋಲಿಕೆ ಮಾಡುವುದೂ ತಪ್ಪೇ. ಆದರೆ ಮುಚ್ಚಿದ ಕೈ ಮಾತ್ರ ಅದೇ ಥರದ ಕೈ ಅನ್ನಿಸಿತು. ಅದನ್ನು ಸರಿ ಮಾಡಲು ಎರಡು ದಿನ ಸಾಕಾಯಿತು.

ನಿಮ್ಮೂರಿನ ಬಸ್‌ಸ್ಟ್ಯಾಂಡಿನಲ್ಲೋ, ಸ್ಟೇಷನ್ನಿನಲ್ಲೋ 'ಇದು ನಮ್ಮದಲ್ಲ, ಅವರದ್ದು' ಅಂತ ಇಬ್ಬರೂ ಹೇಳುವ ಒಂದು ಮೆಟ್ಟಿಲು ಇದ್ದೇ ಇರುತ್ತದೆ. ಮುಂದಿನ ಸಲ ದಾಟುವಾಗ ಒಮ್ಮೆ ಅದರ ಅಗಲ ನೋಡಿ. ಮಾವ ಈಗ ನಿವೃತ್ತಿಯಾಗಿ ಊರಿಗೆ ಬಂದಿದ್ದಾರೆ. ಮಳೆ ಬಂದರೆ ಈಗಲೂ ಕೊಡೆ ಮರೆಯುತ್ತಾರೆ, ಮಾಡಿನ ಕೆಳಗೆ ನಿಂತುಬಿಡುತ್ತಾರೆ. ಅಮ್ಮ ಬೈಯುವುದಿಲ್ಲ.