ಯಾರ ಮಕ್ಕಳಿಗೆ ಈ ಸರ್ಟಿಫಿಕೇಟು?

ಸಿನಿಮಾ ಶುರುವಾಗೋ ಮುಂಚೆ ಪರದೆ ಮೇಲೆ ಒಂದು ಸರ್ಟಿಫಿಕೇಟು ಬರುತ್ತದೆ. ಅದನ್ನು ಓದುವವರು ಕಡಿಮೆ. ಆದರೆ ಒಂದು ಸಮಾಜ ಯಾರನ್ನು ಮನುಷ್ಯರ ಲೆಕ್ಕಕ್ಕೆ ತಗೊಂಡಿದೆ, ಯಾರನ್ನು ಹೊರಗೆ ನಿಲ್ಲಿಸಿದೆ ಎಂಬ ಚರಿತ್ರೆ ಆ ಒಂದು ಹಾಳೆಯಲ್ಲಿದೆ.

2024ರ ಫೆಬ್ರವರಿಯಲ್ಲಿ ಇಂಗ್ಲೆಂಡಿನಲ್ಲಿ ಇದೇ ವಿಚಾರಕ್ಕೆ ಗದ್ದಲವಾಯಿತು. 'ಮೇರಿ ಪಾಪಿನ್ಸ್' 1964ರ ಮಕ್ಕಳ ಸಿನಿಮಾ. ಯಾರು ಬೇಕಾದರೂ ನೋಡಬಹುದು ಎಂಬ 'ಯು' ಸರ್ಟಿಫಿಕೇಟು ಅದಕ್ಕಿತ್ತು. ಮರುಬಿಡುಗಡೆಗೆ ಬಂದಾಗ ಅಲ್ಲಿನ ಮಂಡಳಿ ಅದನ್ನು 'ಪಿಜಿ'ಗೆ ಏರಿಸಿತು. ಅಂದರೆ, ಅಪ್ಪ ಅಮ್ಮ ಒಂದು ಕಣ್ಣಿಟ್ಟಿರಲಿ ಅಂತ. ಕಾರಣ ಒಂದು ಪದ: 'ಹಾಟೆನ್‌ಟಾಟ್'. ಮೈಗೆಲ್ಲ ಮಸಿ ಮೆತ್ತಿಕೊಂಡ ಚಿಮಣಿ ಗುಡಿಸುವವರನ್ನು ಕಂಡು ನೌಕಾಪಡೆಯ ಮುದುಕನೊಬ್ಬ ಈ ಪದ ಕೂಗುತ್ತಾನೆ. ಒಂದು ಪದಕ್ಕೆ ಇಷ್ಟು ರಂಪವೇ ಅಂತ ಹಲವರು ನಕ್ಕರು.

ನಗುವ ಮುಂಚೆ ಆ ಪದದ ಕತೆ ಕೇಳಬೇಕು. ದಕ್ಷಿಣ ಆಫ್ರಿಕದ ಖೋಯ್‌ಖೋಯ್ ಜನಕ್ಕೆ ಡಚ್ಚರು ಅಂಟಿಸಿದ ಹೆಸರದು. ಆ ಜನದ ಸಾರಾ ಬಾರ್ಟ್‌ಮನ್ ಎಂಬ ಹೆಣ್ಣುಮಗಳನ್ನು 1810ರಲ್ಲಿ ಲಂಡನ್ನಿಗೆ ತಂದು, ಇದೇ ಹೆಸರಿನಿಂದ ಕರೆದು, ಕಾಸು ಕೊಟ್ಟವರಿಗೆ ಅವಳ ಮೈ ತೋರಿಸಿದರು. 1815ರಲ್ಲಿ ಅವಳು ಪ್ಯಾರಿಸ್ಸಿನಲ್ಲಿ ಸತ್ತಳು. ಸತ್ತ ಮೇಲೂ ಬಿಡಲಿಲ್ಲ. ಹೆಣ ಕೊಯ್ದು ಅಸ್ಥಿಪಂಜರವನ್ನು ಮ್ಯೂಸಿಯಮ್ಮಿನಲ್ಲಿಟ್ಟರು. ಅವಳಿಗೆ ತಾಯ್ನೆಲದ ಮಣ್ಣು ಸಿಕ್ಕಿದ್ದು 2002ರಲ್ಲಿ. ಸಿನಿಮಾದ ಕತೆ ನಡೆಯುವುದು 1910ರ ಅದೇ ಲಂಡನ್ನಿನಲ್ಲಿ. ಒಬ್ಬ ಹೆಂಗಸಿನ ಮೈಯನ್ನು ಸಂತೆಯ ಸರಕು ಮಾಡಿದ ಹೆಸರು ಮಕ್ಕಳ ಚಿತ್ರದಲ್ಲಿ ನಗೆಮಾತಾಗಿತ್ತು.

ಹಾಗಂತ ಸೆನ್ಸಾರಿನವರಿಗೆ ಜನಾಂಗದ ವಿಚಾರ ಗೊತ್ತೇ ಇರಲಿಲ್ಲ ಅಂತಲ್ಲ. ಚೆನ್ನಾಗಿ ಗೊತ್ತಿತ್ತು. ಅಮೆರಿಕವನ್ನೇ ನೋಡಿ. 1915ರ 'ದಿ ಬರ್ತ್ ಆಫ್ ಎ ನೇಷನ್' ಚಿತ್ರದಲ್ಲಿ ಬಿಳಿಯ ನಟರು ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪು ಗಂಡಸರನ್ನು ಕಾಮುಕರನ್ನಾಗಿ ತೋರಿಸಿದರು. ಕೊಲೆಗಡುಕ ಕು ಕ್ಲಕ್ಸ್ ಕ್ಲಾನ್ ಅದರಲ್ಲಿ ಉದ್ಧಾರಕ. ಡು ಬೋಯ್ಸ್ ಅವರಿದ್ದ ಎನ್.ಎ.ಎ.ಸಿ.ಪಿ. ಸಂಘಟನೆ ಊರೂರಲ್ಲಿ ಪ್ರತಿಭಟಿಸಿತು. ಆದರೂ ಚಿತ್ರ ಭರ್ಜರಿ ಓಡಿತು. ಸತ್ತುಹೋಗಿದ್ದ ಕ್ಲಾನ್ ಅದೇ ವರ್ಷ ಜಾರ್ಜಿಯಾದಲ್ಲಿ ಮತ್ತೆ ಎದ್ದಿತು.

ಹಾಲಿವುಡ್ಡಿನ ಯಜಮಾನರು 1930ರಲ್ಲಿ ತಮ್ಮದೇ ಒಂದು ನೀತಿಸಂಹಿತೆ ಬರೆದುಕೊಂಡು, 1934ರಿಂದ ಕಡ್ಡಾಯ ಮಾಡಿದರು. ಕಪ್ಪು ಬಿಳಿ ಜನರ ನಡುವಿನ ಪ್ರಣಯವನ್ನು ತೋರಿಸಕೂಡದು ಎಂದು ಅದರಲ್ಲಿತ್ತು. ಮಸಿ ಬಳಿದುಕೊಂಡು ಗೇಲಿ ಮಾಡುವುದು ಮಾತ್ರ ನಿಲ್ಲಲಿಲ್ಲ. ಎಂಥಾ ಮಡಿ ನೋಡಿ! ಮುಟ್ಟಿದರೆ ಮೈಲಿಗೆ, ಬೈದರೆ ಮೈಲಿಗೆಯಿಲ್ಲ. ಈ ಮಡಿಯನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. 1940ರಲ್ಲಿ ಹ್ಯಾಟಿ ಮೆಕ್‌ಡೇನಿಯಲ್ ಆಸ್ಕರ್ ಗೆದ್ದ ಮೊದಲ ಕಪ್ಪು ಕಲಾವಿದೆಯಾದಳು. ಆ ರಾತ್ರಿಯೂ ಅವಳನ್ನು ಕೂರಿಸಿದ್ದು ಬೇರೆ ಮೇಜಿನಲ್ಲಿ.

ಪ್ರಣಯದ ಆ ನಿಷೇಧ ಹೋದದ್ದು 1956ರಲ್ಲಿ. 1968ರಲ್ಲಿ ಸಂಹಿತೆಯ ಜಾಗಕ್ಕೆ ವಯಸ್ಸಿನ ದರ್ಜೆಗಳು ಬಂದವು. ಇದು ಯಜಮಾನರ ಔದಾರ್ಯವಲ್ಲ. ಕಪ್ಪು ಜನ ಬೀದಿಗಿಳಿದು, ಜೈಲಿಗೆ ಹೋಗಿ, ಪ್ರಾಣ ಕೊಟ್ಟ ವರ್ಷಗಳವು. ಇಂಗ್ಲೆಂಡಿನಲ್ಲೂ ಅಷ್ಟೇ. ಮಸಿಮುಖದ ಹಾಡು ಕುಣಿತದ 'ಬ್ಲ್ಯಾಕ್ ಅಂಡ್ ವೈಟ್ ಮಿನ್‌ಸ್ಟ್ರೆಲ್ ಶೋ' 1958ರಿಂದ ಬಿ.ಬಿ.ಸಿ.ಯಲ್ಲಿ ಬರುತ್ತಿತ್ತು. ಇದು ನಿಲ್ಲಲಿ ಎಂದು ವರ್ಣಭೇದ ವಿರೋಧಿಗಳು 1967ರಲ್ಲಿ ಮನವಿ ಕೊಟ್ಟರು. ನಿಂತದ್ದು 1978ರಲ್ಲಿ! ಅಷ್ಟು ವರ್ಷ ಆ ಟೀವಿಯ ಮುಂದೆ ಕಪ್ಪು ಮಕ್ಕಳೂ ಕೂತಿದ್ದರು. 'ಮಕ್ಕಳ ಹಿತ' ಅಂದಾಗ ಆ ಮಕ್ಕಳು ಯಾರ ಲೆಕ್ಕದಲ್ಲೂ ಇರಲಿಲ್ಲ. 2024ರ ಆ 'ಪಿಜಿ' ಸಣ್ಣ ಅಕ್ಷರವೇ ಇರಬಹುದು. ಆದರೆ ಬೈಸಿಕೊಂಡ ಮಗುವೂ ಪ್ರೇಕ್ಷಕ ಎಂದು ಅದು ತಡವಾಗಿ ಒಪ್ಪಿಕೊಂಡಿದೆ.

ಇನ್ನು ನಮ್ಮ ಕಡೆಗೆ ಬರೋಣ. 1946ರಲ್ಲಿ ಬಾಬಾಸಾಹೇಬರು ಅದೇ ಡು ಬೋಯ್ಸ್‌ಗೆ ಕಾಗದ ಬರೆದು, ಕಪ್ಪು ಜನರ ಪಾಡಿಗೂ ಅಸ್ಪೃಶ್ಯರ ಪಾಡಿಗೂ ಇರುವ ಹೋಲಿಕೆಯನ್ನು ತೋರಿಸಿದ್ದರು. ನಮ್ಮ 'ಯು', 'ಎ' ಅಕ್ಷರಗಳೂ ಬ್ರಿಟಿಷರಿಂದಲೇ ಬಂದವು. ಅಕ್ಷರ ತಂದವರು ಆಮೇಲಿನ ಪಾಠ ತಂದರೇ? 2025ರಲ್ಲಿ ಜೋತಿಬಾ, ಸಾವಿತ್ರಿಬಾಯಿಯವರ ಮೇಲಿನ 'ಫುಲೆ' ಚಿತ್ರ ಬಂತು. 'ಮಹಾರ್', 'ಮಾಂಗ್' ಎಂಬ ಹೆಸರುಗಳನ್ನೂ 'ಪೇಶ್ವಾಯಿ' ಎಂಬ ಮಾತನ್ನೂ ತೆಗೆಯಿರಿ ಎಂದು ನಮ್ಮ ಮಂಡಳಿ ಹೇಳಿತು. ಫುಲೆಯವರ ಹುಟ್ಟಿದ ದಿನ, ಏಪ್ರಿಲ್ 11ರಂದು, ಬರಬೇಕಿದ್ದ ಚಿತ್ರ ಬಂದದ್ದು 25ಕ್ಕೆ.

ಬೈಗುಳ ಬೇರೆ, ಬೈಗುಳದ ಗಾಯ ತೋರಿಸುವುದು ಬೇರೆ. ಅಲ್ಲಿನ ಮಂಡಳಿ ಪದವನ್ನು ಕತ್ತರಿಸಲಿಲ್ಲ, ಪಕ್ಕದಲ್ಲಿ ಎಚ್ಚರಿಕೆ ಬರೆಯಿತು. ಇಲ್ಲಿ ಗಾಯವಾದವನ ಹೆಸರೂ ಇರಬಾರದು, ಗಾಯ ಮಾಡಿದ ಆಳ್ವಿಕೆಯ ಹೆಸರೂ ಇರಬಾರದು! ಫುಲೆ ದಂಪತಿಗಳ ಶಾಲೆಯಲ್ಲಿ ಓದಿದ ಮಾಂಗ್ ಹುಡುಗಿ ಮುಕ್ತಾ ಸಾಳ್ವೆ 1855ರಲ್ಲೇ ಮಾಂಗ್ ಮಹಾರರ ದುಃಖದ ಬಗ್ಗೆ ಪ್ರಬಂಧ ಬರೆದು ಅಚ್ಚು ಹಾಕಿಸಿದಳು. ಆ ಹೆಸರುಗಳನ್ನು ತಲೆಬರಹದಲ್ಲೇ ಇಟ್ಟಳು. ಹದಿನಾಲ್ಕು ವರ್ಷದ ಆ ಮಗು ಬರೆದದ್ದನ್ನು ಇವತ್ತಿನ ಮಕ್ಕಳು ಕೇಳಬಾರದು ಅನ್ನುವವರು ಯಾವ ಮಕ್ಕಳನ್ನು ಕಾಯುತ್ತಿದ್ದಾರೆ? ಮೇಷ್ಟ್ರುಗಳು ತರಗತಿಯಲ್ಲಿ ಈ ಪ್ರಶ್ನೆ ಕೇಳಲಿ. ಹಿಂದಿನ ಬೆಂಚಿನಿಂದಲೂ ಉತ್ತರ ಬರುತ್ತದೆ.