ಅಂತರರಾಷ್ಟ್ರೀಯ ಅಥ್ಲೆಟಿಕ್ಸ್‌ನಲ್ಲಿ ಜಮೈಕಾ

ಕೆರಿಬಿಯನ್ ಸಮುದ್ರದ ದ್ವೀಪರಾಷ್ಟ್ರವಾದ ಜಮೈಕಾ ವೇಗದ ಓಟದಲ್ಲಿ ಜಗತ್ತಿನ ಅಗ್ರಪಂಕ್ತಿಯ ದೇಶ. ವಿಸ್ತೀರ್ಣ ಸುಮಾರು 11,000 ಚದರ ಕಿ.ಮೀ.; ನಮ್ಮ ಉತ್ತರ ಕನ್ನಡ ಜಿಲ್ಲೆಗಿಂತ ತುಸು ದೊಡ್ಡದು. ಜನಸಂಖ್ಯೆ ಸುಮಾರು 28 ಲಕ್ಷ. ಮೈಸೂರು ಜಿಲ್ಲೆಯಷ್ಟೂ ಇಲ್ಲ. ಪುರುಷರ 100 ಮೀ., 200 ಮೀ. ಮತ್ತು 4x100 ಮೀ. ರಿಲೇ, ಈ ಮೂರರ ವಿಶ್ವದಾಖಲೆಗಳೂ ಈ ಪುಟ್ಟ ದೇಶದ ಹೆಸರಿನಲ್ಲಿವೆ. ಒಲಿಂಪಿಕ್ಸ್‌ನಲ್ಲಿ ಜಮೈಕಾ ಗೆದ್ದ ಪದಕಗಳ ಪೈಕಿ ಅಥ್ಲೆಟಿಕ್ಸ್‌ಗೆ ಸೇರದ್ದು ಒಂದೇ ಒಂದು: 1980ರಲ್ಲಿ ಮಾಸ್ಕೊದಲ್ಲಿ ಡೇವಿಡ್ ವೆಲ್ಲರ್ ಸೈಕಲ್ ಸ್ಪರ್ಧೆಯಲ್ಲಿ ಪಡೆದ ಕಂಚು. ಈ ಗೆಲುವುಗಳಿಗೆ ಕಾರಣ ರಕ್ತ ಎನ್ನುವವರಿದ್ದಾರೆ, ಆಹಾರ ಎನ್ನುವವರಿದ್ದಾರೆ. ನೂರು ವರ್ಷಗಳ ಇತಿಹಾಸವನ್ನು ಕ್ರಮವಾಗಿ ನೋಡುತ್ತ ಹೋದರೆ ಮತ್ತೆ ಮತ್ತೆ ಎದುರಾಗುವುದು ಮಾತ್ರ ಶಾಲೆಗಳ ಕ್ರೀಡಾಕೂಟ.

ಶಾಲೆಗಳ ಕೂಟ

1908ರಲ್ಲಿ ಜಿ.ಸಿ. ಫಾಸ್ಟರ್ ಎಂಬ ಜಮೈಕಾದ ಯುವಕ ಬಾಳೆಹಣ್ಣು ಸಾಗಿಸುವ ಹಡಗು ಹತ್ತಿ ಲಂಡನ್ನಿಗೆ ಹೋದರು. ಅಲ್ಲಿ ನಡೆಯುತ್ತಿದ್ದ ಒಲಿಂಪಿಕ್ಸ್‌ನಲ್ಲಿ ಓಡಬೇಕೆಂಬುದು ಅವರ ಆಸೆ. ಜಮೈಕಾ ಆಗ ಬ್ರಿಟಿಷ್ ವಸಾಹತು. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಸದಸ್ಯತ್ವ ಅದಕ್ಕಿರಲಿಲ್ಲ. ಹಾಗಾಗಿ ಫಾಸ್ಟರ್ ಅವರಿಗೆ ಪ್ರವೇಶ ಸಿಗಲಿಲ್ಲ. ಊರಿಗೆ ಮರಳಿದ ಅವರು ಮುಂದೆ ದೇಶದ ಮೊದಲ ತಲೆಮಾರಿನ ದೊಡ್ಡ ತರಬೇತುದಾರರಾದರು.

ಇದಾದ ಎರಡು ವರ್ಷಕ್ಕೆ, 1910ರಲ್ಲಿ, ಆರು ಶಾಲೆಗಳು ಕೂಡಿ ಕಿಂಗ್‌ಸ್ಟನ್ನಿನ ಸಬೀನಾ ಪಾರ್ಕ್‌ನಲ್ಲಿ ಬಾಲಕರ ಕ್ರೀಡಾಕೂಟವೊಂದನ್ನು ನಡೆಸಿದವು. ಕ್ರಿಕೆಟ್ ಬಲ್ಲ ಕನ್ನಡಿಗರಿಗೆ ಈ ಮೈದಾನದ ಹೆಸರು ಹೊಸದಲ್ಲ; 1976ರ ಟೆಸ್ಟ್‌ನಲ್ಲಿ ವೆಸ್ಟ್ ಇಂಡೀಸ್ ವೇಗಿಗಳ ಎದುರು ಜಿ.ಆರ್. ವಿಶ್ವನಾಥ್ ಅವರ ಬೆರಳು ಮುರಿದದ್ದು ಇಲ್ಲೇ. ಆ ಶಾಲಾ ಕೂಟವೇ ಇಂದಿನ ‘ಚಾಂಪ್ಸ್’. ಬಾಲಕಿಯರ ಕೂಟ 1957ರಲ್ಲಿ ಬೇರೆಯಾಗಿ ಶುರುವಾಯಿತು. 1999ರಲ್ಲಿ ಎರಡೂ ಒಂದಾದವು. ಪ್ರತಿವರ್ಷ ಈಸ್ಟರ್‌ಗೆ ಮುಂಚೆ ಐದು ದಿನ ನ್ಯಾಷನಲ್ ಸ್ಟೇಡಿಯಂನಲ್ಲಿ ನಡೆಯುವ ಚಾಂಪ್ಸ್‌ಗೆ ಕೊನೆಯ ದಿನಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಹಳೆಯ ವಿದ್ಯಾರ್ಥಿಗಳು ತಮ್ಮ ಶಾಲೆಯ ಬಣ್ಣದ ಅಂಗಿ ತೊಟ್ಟು ಬರುತ್ತಾರೆ. ನಮ್ಮ ಪತ್ರಿಕೆಗಳು ಕ್ರಿಕೆಟ್‌ಗೆ ಕೊಡುವಷ್ಟು ಜಾಗವನ್ನು ಅಲ್ಲಿನ ಪತ್ರಿಕೆಗಳು ಹದಿನಾಲ್ಕು, ಹದಿನಾರು ವರ್ಷದ ಮಕ್ಕಳ ಓಟಕ್ಕೆ ಕೊಡುತ್ತವೆ. ಓಟ ಅಲ್ಲಿ ಮಕ್ಕಳ ಬಾಲ್ಯದ ಆಟವಾಗಿಯೇ ಊರಿನ ಪ್ರತಿಷ್ಠೆಯೂ ಆಗಿರುವುದು ಹೀಗೆ.

ಈ ಕೂಟ ಓಟಗಾರರನ್ನು ಮಾತ್ರ ಬೆಳೆಸಿದ್ದಲ್ಲ. 1911ರಲ್ಲಿ 100 ಗಜದ ಓಟವನ್ನು 10 ಸೆಕೆಂಡಿನಲ್ಲಿ ಮುಗಿಸಿದ ನಾರ್ಮನ್ ಮ್ಯಾನ್ಲಿ ಮುಂದೆ ಜಮೈಕಾದ ಸ್ವಾತಂತ್ರ್ಯ ಚಳವಳಿಯ ನಾಯಕರಾಗಿ ರಾಷ್ಟ್ರವೀರರೆನಿಸಿದರು. ಆ ಕೂಟದ ದಾಖಲೆಯನ್ನು 1952ರವರೆಗೆ ಯಾರೂ ಮುರಿಯಲಿಲ್ಲ.

ಲಂಡನ್‌ನಿಂದ ಹೆಲ್ಸಿಂಕಿಗೆ

ಜಮೈಕಾ ಮೊದಲು ಒಲಿಂಪಿಕ್ಸ್‌ನಲ್ಲಿ ಭಾಗವಹಿಸಿದ್ದು 1948ರಲ್ಲಿ, ಫಾಸ್ಟರ್ ಅವರನ್ನು ಹೊರಗೆ ನಿಲ್ಲಿಸಿದ್ದ ಅದೇ ಲಂಡನ್ನಿನಲ್ಲಿ. 400 ಮೀ. ಓಟದಲ್ಲಿ ಎಲ್ಲರ ಕಣ್ಣು ವಿಶ್ವದಾಖಲೆ ಹೊಂದಿದ್ದ ಹರ್ಬ್ ಮೆಕೆನ್ಲಿ ಅವರ ಮೇಲಿತ್ತು. ಅವರು ಮೊದಲಿನಿಂದಲೇ ದೌಡಾಯಿಸಿ ಬಹಳ ಮುಂದೆ ಹೋದರು. ಆದರೆ ಕೊನೆಯ ಕೆಲವೇ ಮೀಟರುಗಳಲ್ಲಿ ಆರೂಕಾಲು ಅಡಿಗೂ ಮಿಕ್ಕಿ ಎತ್ತರದ ಆರ್ಥರ್ ವಿಂಟ್ ತಮ್ಮ ಉದ್ದನೆಯ ಹೆಜ್ಜೆಗಳಿಂದ ಅವರನ್ನು ಹಿಂದೆ ಹಾಕಿ 46.2 ಸೆಕೆಂಡಿನಲ್ಲಿ ಗೆದ್ದರು. ಅದು ಜಮೈಕಾದ ಮೊದಲ ಒಲಿಂಪಿಕ್ ಚಿನ್ನ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಪಡೆಯ ಪೈಲಟ್ ಆಗಿದ್ದ ವಿಂಟ್ ಆಗ ಲಂಡನ್ನಿನಲ್ಲಿ ವೈದ್ಯಕೀಯ ಓದುತ್ತಿದ್ದರು. 800 ಮೀಟರಿನಲ್ಲಿ ಅವರಿಗೆ ಬೆಳ್ಳಿಯೂ ಬಂತು. ಆದರೆ 4x400 ಮೀ. ರಿಲೇ ಫೈನಲ್‌ನಲ್ಲಿ ವಿಂಟ್ ಅವರ ಕಾಲಿಗೆ ಸೆಳೆತ ಹಿಡಿಯಿತು. ಓಟದ ನಡುವೆಯೇ ಅವರು ಟ್ರ್ಯಾಕ್ ಬಿಟ್ಟು ಹೊರಬರಬೇಕಾಯಿತು. ತಂಡ ಬರಿಗೈಯಲ್ಲಿ ಉಳಿಯಿತು.

ನಾಲ್ಕು ವರ್ಷದ ನಂತರ ಹೆಲ್ಸಿಂಕಿ. 100 ಮೀ. ಫೈನಲ್‌ನಲ್ಲಿ ಮೆಕೆನ್ಲಿ ಮತ್ತು ಅಮೆರಿಕದ ಲಿಂಡಿ ರೆಮಿಜಿನೊ ಇಬ್ಬರಿಗೂ 10.4 ಸೆಕೆಂಡು, ಫೋಟೊ ನೋಡಿ ಚಿನ್ನವನ್ನು ರೆಮಿಜಿನೊಗೆ ಕೊಟ್ಟರು. 400 ಮೀಟರಿನಲ್ಲಿ ಮೆಕೆನ್ಲಿ ಮತ್ತು ಅವರದೇ ದೇಶದ ಜಾರ್ಜ್ ರೋಡನ್ ಇಬ್ಬರಿಗೂ 45.9, ಚಿನ್ನ ರೋಡನ್ ಪಾಲಾಯಿತು. ಲಂಡನ್ನಿನದೂ ಸೇರಿ ಮೆಕೆನ್ಲಿ ಅವರಿಗೆ ಇದು ಮೂರನೇ ಬೆಳ್ಳಿ. ಉಳಿದದ್ದು ರಿಲೇ ಮಾತ್ರ. ವಿಂಟ್, ಲೆಸ್ ಲೇಂಗ್ ಓಡಿ ಮುಗಿಸಿ ಮೂರನೆಯವರಾಗಿ ಮೆಕೆನ್ಲಿ ಬೇಟನ್ ಹಿಡಿದಾಗ ಅಮೆರಿಕ ಹತ್ತು ಮೀಟರಿಗೂ ಹೆಚ್ಚು ಮುಂದಿತ್ತು. ಮೆಕೆನ್ಲಿ ತಮ್ಮ ಸುತ್ತನ್ನು 44.6 ಸೆಕೆಂಡಿನಲ್ಲಿ ಓಡಿ, ಆ ಅಂತರವನ್ನೆಲ್ಲ ನುಂಗಿ, ಬೇಟನ್ನನ್ನು ರೋಡನ್ ಕೈಗೆ ಕೊಡುವಾಗ ಜಮೈಕಾವನ್ನು ಮುಂದಿಟ್ಟಿದ್ದರು. ರೋಡನ್ ಆ ಮುನ್ನಡೆಯನ್ನು ಬಿಟ್ಟುಕೊಡಲಿಲ್ಲ. ಜಮೈಕಾ 3 ನಿಮಿಷ 3.9 ಸೆಕೆಂಡು, ಅಮೆರಿಕ 3 ನಿಮಿಷ 4 ಸೆಕೆಂಡು. ಹೊಸ ವಿಶ್ವದಾಖಲೆ. ಜಮೈಕಾದ ಓಟದ ಚರಿತ್ರೆಯಲ್ಲಿ ಮುಂದೆ ಬಂದ ಉಸೇನ್ ಬೋಲ್ಟ್ ಅವರ ಯಾವ ಓಟಕ್ಕೂ ಇದು ಕಡಿಮೆಯದಲ್ಲ ಎಂದೇ ಈ ಲೇಖಕನ ಎಣಿಕೆ. ಒಲಿಂಪಿಕ್ಸ್‌ನ 100, 200 ಮತ್ತು 400 ಮೀ. ಮೂರರಲ್ಲೂ ಫೈನಲ್ ತಲುಪಿದ ಪುರುಷ ಮೆಕೆನ್ಲಿ ಒಬ್ಬರೇ. ಮುಂದೆ ಅವರು ತಾವು ಓದಿದ ಕಲಬಾರ್ ಶಾಲೆಗೆ ಮರಳಿ ವರ್ಷಗಟ್ಟಲೆ ಮಕ್ಕಳಿಗೆ ಓಟ ಕಲಿಸಿದರು. ವೈದ್ಯರಾದ ವಿಂಟ್ 1970ರ ದಶಕದಲ್ಲಿ ಲಂಡನ್ನಿನಲ್ಲೇ ಜಮೈಕಾದ ಹೈಕಮಿಷನರ್ ಆಗಿದ್ದರು.

ವಲಸೆಯ ಕಾಲ

1962ರ ಆಗಸ್ಟ್ 6ರಂದು ಜಮೈಕಾ ಸ್ವತಂತ್ರವಾಯಿತು. ಆ ಹೊತ್ತಿಗೆ ಕಿಂಗ್‌ಸ್ಟನ್ನಿನಲ್ಲಿ ಕಟ್ಟಿದ ನ್ಯಾಷನಲ್ ಸ್ಟೇಡಿಯಂನಲ್ಲಿ 1966ರ ಕಾಮನ್‌ವೆಲ್ತ್ ಕ್ರೀಡಾಕೂಟವೂ ನಡೆಯಿತು. ಲೆನಾಕ್ಸ್ ಮಿಲ್ಲರ್ 1968ರಲ್ಲಿ 100 ಮೀಟರಿನ ಬೆಳ್ಳಿಯನ್ನೂ 1972ರಲ್ಲಿ ಕಂಚನ್ನೂ ಗೆದ್ದರು. 1976ರಲ್ಲಿ ಮಾಂಟ್ರಿಯಲ್‌ನಲ್ಲಿ ಡಾನ್ ಕ್ವಾರಿ 200 ಮೀ. ಚಿನ್ನ ತಂದರು. 1983ರಲ್ಲಿ ನಡೆದ ಮೊದಲ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಬರ್ಟ್ ಕ್ಯಾಮರಾನ್ 400 ಮೀ. ಗೆದ್ದರು.

ಈ ಅವಧಿಯಲ್ಲಿ ಚಾಂಪ್ಸ್ ಮುಗಿಸಿದ ಒಳ್ಳೆಯ ಓಟಗಾರರ ಮುಂದಿದ್ದ ದೊಡ್ಡ ದಾರಿ ಅಮೆರಿಕದ ವಿಶ್ವವಿದ್ಯಾಲಯಗಳ ವಿದ್ಯಾರ್ಥಿವೇತನ. ಅಲ್ಲಿ ಓದಿನ ಜೊತೆಗೆ ವರ್ಷವಿಡೀ ಬಿಡುವಿಲ್ಲದ ಸ್ಪರ್ಧೆಗಳು. ಹಲವರು ದೇಶಕ್ಕಾಗಿ ಓಡುವ ಹೊತ್ತಿಗೆ ದಣಿದಿರುತ್ತಿದ್ದರು. ಇನ್ನು ಚಿಕ್ಕಂದಿನಲ್ಲೇ ವಲಸೆ ಹೋದವರ ಕಥೆ ಬೇರೆ. 1992ರಲ್ಲಿ 100 ಮೀ. ಒಲಿಂಪಿಕ್ ಚಿನ್ನವನ್ನು ಬ್ರಿಟನ್‌ಗೆ ಗೆದ್ದ ಲಿನ್‌ಫರ್ಡ್ ಕ್ರಿಸ್ಟಿ, 1996ರಲ್ಲಿ 9.84 ಸೆಕೆಂಡಿನ ವಿಶ್ವದಾಖಲೆಯೊಂದಿಗೆ ಕೆನಡಾಕ್ಕೆ ಗೆದ್ದ ಡಾನೊವನ್ ಬೇಲಿ, 1988ರಲ್ಲಿ ಗೆದ್ದು ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿ ಚಿನ್ನ ಕಳೆದುಕೊಂಡ ಕೆನಡಾದ ಬೆನ್ ಜಾನ್ಸನ್, ಮೂವರೂ ಜಮೈಕಾದಲ್ಲಿ ಹುಟ್ಟಿದವರೇ.

ಮಹಿಳೆಯರ ಸಾಧನೆಗೆ ಬುನಾದಿ ಹಾಕಿದವರು ಮರ್ಲೀನ್ ಓಟ್ಟಿ. 1980ರಲ್ಲಿ 200 ಮೀ. ಕಂಚು ಗೆದ್ದು ಜಮೈಕಾಕ್ಕೆ ಒಲಿಂಪಿಕ್ ಪದಕ ತಂದ ಮೊದಲ ಮಹಿಳೆಯಾದರು. 2000ದವರೆಗೆ ಅವರು ಗೆದ್ದ ಒಲಿಂಪಿಕ್ ಪದಕಗಳು ಒಂಬತ್ತು. ಚಿನ್ನ ಒಂದೂ ಇಲ್ಲ. 1996ರಲ್ಲಿ ಅಟ್ಲಾಂಟಾದ 100 ಮೀ. ಫೈನಲ್‌ನಲ್ಲಿ ಅಮೆರಿಕದ ಗೇಲ್ ಡೆವರ್ಸ್ ಮತ್ತು ಓಟ್ಟಿ ಇಬ್ಬರಿಗೂ 10.94 ಸೆಕೆಂಡು, ಚಿನ್ನ ಡೆವರ್ಸ್‌ಗೆ. ಮೂರು ವರ್ಷ ಮುಂಚೆ ಸ್ಟುಟ್‌ಗಾರ್ಟ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲೂ ಇದೇ ಡೆವರ್ಸ್ ಎದುರು ಸಮಾನ ಸಮಯ ಓಡಿ ಬೆಳ್ಳಿಗೆ ನಿಂತಿದ್ದರು. 200 ಮೀಟರಿನಲ್ಲಿ 1993 ಮತ್ತು 1995ರ ವಿಶ್ವ ಚಾಂಪಿಯನ್ ಆಗಿದ್ದ ಅವರನ್ನು ‘ಕಂಚಿನ ರಾಣಿ’ ಎಂದಷ್ಟೇ ಕರೆಯುವುದು ಅನ್ಯಾಯ. ಅವರು ನಂತರ ಸ್ಲೊವೇನಿಯಾದ ಪೌರತ್ವ ಪಡೆದು 2004ರಲ್ಲಿ, 44ನೇ ವಯಸ್ಸಿನಲ್ಲಿ, ಆ ದೇಶದ ಪರವಾಗಿ ಒಲಿಂಪಿಕ್ಸ್‌ನಲ್ಲಿ ಓಡಿದರು. ಜಮೈಕಾದ ಮಹಿಳೆಯೊಬ್ಬರಿಗೆ ಮೊದಲ ಒಲಿಂಪಿಕ್ ಚಿನ್ನ ಬಂದದ್ದು ಅಟ್ಲಾಂಟಾದಲ್ಲೇ, 400 ಮೀ. ಹರ್ಡಲ್ಸ್‌ನಲ್ಲಿ ಡಿಯಾನ್ ಹೆಮಿಂಗ್ಸ್ ಅವರಿಂದ.

ಊರಲ್ಲೇ ತರಬೇತಿ

ಈ ವಲಸೆಗೆ ಪರ್ಯಾಯವನ್ನು ಕಟ್ಟಿದವರ ಹೆಸರು ಪದಕಪಟ್ಟಿಯಲ್ಲಿ ಕಾಣುವುದಿಲ್ಲ. 1961ರಲ್ಲಿ 100 ಗಜದ ವಿಶ್ವದಾಖಲೆಯನ್ನು ಸರಿಗಟ್ಟಿದ್ದ ಡೆನಿಸ್ ಜಾನ್ಸನ್ ಅಮೆರಿಕದಲ್ಲಿ ಬಡ್ ವಿಂಟರ್ ಎಂಬ ಗುರುವಿನ ಬಳಿ ಕಲಿತು ಮರಳಿ, ಮೈ ಬಿಗಿಯದೆ ಸಡಿಲವಾಗಿ ಓಡುವ ಅವರ ಕ್ರಮವನ್ನು ಕಿಂಗ್‌ಸ್ಟನ್ನಿನ ತಾಂತ್ರಿಕ ಕಾಲೇಜಿನಲ್ಲಿ ಹೇಳಿಕೊಟ್ಟರು. 1980ರಲ್ಲಿ ಕ್ಯೂಬಾದ ನೆರವಿನಿಂದ ದೈಹಿಕ ಶಿಕ್ಷಣ ಕಾಲೇಜೊಂದು ಆರಂಭವಾಯಿತು. ಅದಕ್ಕಿಟ್ಟ ಹೆಸರು 1908ರಲ್ಲಿ ಬಾಳೆಹಣ್ಣಿನ ಹಡಗು ಹತ್ತಿದ್ದ ಜಿ.ಸಿ. ಫಾಸ್ಟರ್ ಅವರದು. ಅಲ್ಲಿ ಕಲಿತ ತರಬೇತುದಾರರು ದ್ವೀಪದ ಶಾಲೆ ಶಾಲೆಗೂ ಹೋದರು. ಹಳ್ಳಿಯ ಶಾಲೆಯಲ್ಲೂ ಓಟವನ್ನು ಶಾಸ್ತ್ರೋಕ್ತವಾಗಿ ಕಲಿಸಬಲ್ಲ ಮೇಷ್ಟರು ಸಿಗತೊಡಗಿದರು. ಜಮೈಕಾದ ಯಶಸ್ಸಿಗೆ ಇದಕ್ಕಿಂತ ದೊಡ್ಡ ಹೂಡಿಕೆ ಇನ್ನೊಂದಿಲ್ಲ.

1999ರಲ್ಲಿ ಸ್ಟೀಫನ್ ಫ್ರಾನ್ಸಿಸ್ ‘ಎಂವಿಪಿ’ ಎಂಬ ಕ್ಲಬ್ ಕಟ್ಟಿದರು. ಅಮೆರಿಕಕ್ಕೆ ಹೋಗದೆಯೇ ವಿಶ್ವಮಟ್ಟದ ಓಟಗಾರರಾಗಬಹುದು ಎಂದು ತೋರಿಸುವುದು ಅವರ ಹಟ. ಇದ್ದದ್ದು ತಾಂತ್ರಿಕ ವಿಶ್ವವಿದ್ಯಾಲಯದ ಹುಲ್ಲಿನ ಟ್ರ್ಯಾಕ್. ಚಾಂಪ್ಸ್‌ನಲ್ಲಿ ಅಷ್ಟೇನೂ ಹೆಸರು ಮಾಡದ ಅಸಾಫಾ ಪೊವೆಲ್ ಅದೇ ಹುಲ್ಲಿನ ಮೇಲೆ ತಯಾರಾಗಿ 2005ರ ಜೂನ್ 14ರಂದು ಅಥೆನ್ಸ್‌ನಲ್ಲಿ 100 ಮೀಟರನ್ನು 9.77 ಸೆಕೆಂಡಿನಲ್ಲಿ ಓಡಿ ವಿಶ್ವದಾಖಲೆ ಬರೆದರು. ಗ್ಲೆನ್ ಮಿಲ್ಸ್ ಅವರ ‘ರೇಸರ್ಸ್’ ಕ್ಲಬ್ ಇದಕ್ಕೆ ಎದುರಾಳಿಯಾಗಿ ಬೆಳೆಯಿತು.

ಮಿಲ್ಸ್ ಅವರ ಶಿಷ್ಯ ಉಸೇನ್ ಬೋಲ್ಟ್. ಟ್ರಿಲಾನಿ ಪ್ರಾಂತ್ಯದ ಷೆರ್ವುಡ್ ಕಂಟೆಂಟ್ ಎಂಬ ಹಳ್ಳಿಯ ಈ ಹುಡುಗ 2002ರಲ್ಲಿ, 15ನೇ ವಯಸ್ಸಿನಲ್ಲಿ, ಕಿಂಗ್‌ಸ್ಟನ್ನಿನಲ್ಲಿ ನಡೆದ ವಿಶ್ವ ಜೂನಿಯರ್ ಕೂಟದ 200 ಮೀ. ಗೆದ್ದ. ತವರಿನ ಜನರ ಮುಂದೆ ಓಡುವ ಗಾಬರಿಯಲ್ಲಿ ಷೂಗಳನ್ನು ಅದಲುಬದಲಾಗಿ ಹಾಕಿಕೊಂಡಿದ್ದೆ ಎಂದು ಮುಂದೆ ಅವರೇ ಹೇಳಿಕೊಂಡಿದ್ದಾರೆ. ಅಮೆರಿಕದಿಂದ ಬಂದ ವಿದ್ಯಾರ್ಥಿವೇತನದ ಕರೆಗಳನ್ನು ಬಿಟ್ಟು ಊರಲ್ಲೇ ಉಳಿದರು. 2008ರ ಬೀಜಿಂಗ್‌ನಲ್ಲಿ ಗೆರೆ ಮುಟ್ಟುವ ಮುನ್ನವೇ ಎದೆ ತಟ್ಟಿಕೊಳ್ಳುತ್ತ 100 ಮೀಟರಿನಲ್ಲಿ 9.69, 200 ಮೀಟರಿನಲ್ಲಿ 19.30, ಮರುವರ್ಷ ಬರ್ಲಿನ್‌ನಲ್ಲಿ 9.58 ಮತ್ತು 19.19. ಬರ್ಲಿನ್‌ನ ಈ ಎರಡು ದಾಖಲೆಗಳನ್ನು ಆಮೇಲೆ ಯಾರೂ ಮುರಿದಿಲ್ಲ. 2012ರ ಲಂಡನ್‌ನಲ್ಲಿ 200 ಮೀಟರಿನ ಮೂರೂ ಪದಕ ಜಮೈಕಾಕ್ಕೆ ಬಂದವು: ಬೋಲ್ಟ್, ಯೊಹಾನ್ ಬ್ಲೇಕ್, ವಾರನ್ ವೀರ್. ರಿಲೇ ತಂಡ 36.84 ಸೆಕೆಂಡಿನ ವಿಶ್ವದಾಖಲೆ ಮಾಡಿತು. ಬೋಲ್ಟ್ 2008, 2012 ಮತ್ತು 2016ರಲ್ಲಿ 100 ಮೀ., 200 ಮೀ. ಎರಡನ್ನೂ ಗೆದ್ದರು, ಹಾಗೆ ಗೆದ್ದವರು ಬೇರೆ ಇಲ್ಲ.

ಅದೇ ಕಾಲದ ಮಹಿಳೆಯರ ಸಾಧನೆ ಬೋಲ್ಟ್ ನೆರಳಿನಲ್ಲಿ ಮಸುಕಾದದ್ದುಂಟು. ಕಿಂಗ್‌ಸ್ಟನ್ನಿನ ಬಡ ಬಡಾವಣೆ ವಾಟರ್‌ಹೌಸ್‌ನಲ್ಲಿ, ಬೀದಿ ವ್ಯಾಪಾರ ಮಾಡುವ ತಾಯಿಯ ಆಸರೆಯಲ್ಲಿ ಬೆಳೆದ ಷೆಲ್ಲಿ-ಆನ್ ಫ್ರೇಸರ್-ಪ್ರೈಸ್ 2008 ಮತ್ತು 2012ರಲ್ಲಿ 100 ಮೀ. ಒಲಿಂಪಿಕ್ ಚಿನ್ನ ಗೆದ್ದರು. 2017ರಲ್ಲಿ ತಾಯಿಯಾದ ಮೇಲೆ ಮರಳಿ ಬಂದು 2019 ಮತ್ತು 2022ರಲ್ಲಿ ವಿಶ್ವ ಚಾಂಪಿಯನ್ ಆದರು; 100 ಮೀಟರಿನಲ್ಲಿ ಅವರ ವಿಶ್ವ ಪ್ರಶಸ್ತಿಗಳು ಒಟ್ಟು ಐದು. ಇಲೇನ್ ಥಾಂಪ್ಸನ್-ಹೆರಾ 2016ರಲ್ಲೂ 2021ರಲ್ಲಿ ನಡೆದ ಟೋಕಿಯೊ ಕೂಟದಲ್ಲೂ 100, 200 ಎರಡನ್ನೂ ಗೆದ್ದರು. ಟೋಕಿಯೊದ 100 ಮೀಟರಿನಲ್ಲಿ ಅವರು 10.61, ಫ್ರೇಸರ್-ಪ್ರೈಸ್ 10.74, ಷೆರಿಕಾ ಜಾಕ್ಸನ್ 10.76, ಮೂರು ಪದಕವೂ ಒಂದೇ ದೇಶಕ್ಕೆ.

ಕಳಂಕ ಮತ್ತು ವಾದಗಳು

2013ರಲ್ಲಿ ಪೊವೆಲ್, ಷೆರೋನ್ ಸಿಂಪ್ಸನ್ ಮುಂತಾದವರು ನಿಷೇಧಿತ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ಲಂಡನ್ ಒಲಿಂಪಿಕ್ಸ್‌ಗೆ ಮುಂಚಿನ ತಿಂಗಳುಗಳಲ್ಲಿ ದೇಶದ ಪರೀಕ್ಷಾ ಸಂಸ್ಥೆ ಸ್ಪರ್ಧೆಯ ಹೊರಗಿನ ಪರೀಕ್ಷೆಗಳನ್ನು ನಡೆಸಿಯೇ ಇರಲಿಲ್ಲ ಎನ್ನುವಷ್ಟು ಕಡಿಮೆ ನಡೆಸಿತ್ತು ಎಂಬುದು ಹೊರಬಂದು, ಸಂಸ್ಥೆಯ ಇಡೀ ಮಂಡಳಿ ಅದೇ ವರ್ಷ ರಾಜೀನಾಮೆ ಕೊಟ್ಟಿತು. ಬೀಜಿಂಗ್‌ನ ಮಾದರಿಗಳ ಮರುಪರೀಕ್ಷೆಯಲ್ಲಿ ರಿಲೇ ತಂಡದ ನೆಸ್ಟಾ ಕಾರ್ಟರ್ ಸಿಕ್ಕಿದ್ದರಿಂದ 2008ರ ರಿಲೇ ಚಿನ್ನವನ್ನು 2017ರಲ್ಲಿ ತಂಡವೇ ಹಿಂದಿರುಗಿಸಬೇಕಾಯಿತು. ಬೋಲ್ಟ್ ಅವರ ಒಂಬತ್ತು ಒಲಿಂಪಿಕ್ ಚಿನ್ನ ಎಂಟಾಯಿತು.

ಗೆಲುವಿನ ಕಾರಣಗಳ ಬಗ್ಗೆ ಹೇಳುವುದಾದರೆ, ಬೋಲ್ಟ್ ಅವರ ತಂದೆ ಮಗನ ವೇಗಕ್ಕೆ ಟ್ರಿಲಾನಿಯ ಯಾಮ್ ಗೆಡ್ಡೆಯೇ ಕಾರಣ ಎಂದಿದ್ದರು. ವಂಶವಾಹಿಯ ವಾದಕ್ಕೆ ಆಧಾರವಾದದ್ದು ವೇಗದ ಸ್ನಾಯುಗಳಿಗೆ ಸಂಬಂಧಿಸಿದ ಎಸಿಟಿಎನ್3 ಎಂಬ ಜೀನು. ಯಾನಿಸ್ ಪಿಟ್ಸಿಲಾಡಿಸ್, ಎರಲ್ ಮಾರಿಸನ್ ಮುಂತಾದ ಸಂಶೋಧಕರ ತಂಡ ಪರೀಕ್ಷಿಸಿದಾಗ ಜಮೈಕಾದ ಓಟಗಾರರಲ್ಲಿ ಆ ಜೀನು ಎಷ್ಟು ಸಾಮಾನ್ಯವೋ ಓಡದ ಜಮೈಕನ್ನರಲ್ಲೂ ಅಷ್ಟೇ ಸಾಮಾನ್ಯ ಎಂದು ಕಂಡುಬಂತು. ಪಶ್ಚಿಮ ಆಫ್ರಿಕಾದಲ್ಲೂ ಅದು ವ್ಯಾಪಕವಾಗಿದೆ. ಅಲ್ಲಿನ ದೇಶಗಳು ಜಮೈಕಾದಷ್ಟು ಪದಕ ಗೆದ್ದಿಲ್ಲ. ಆದ್ದರಿಂದ ಜೀನಿನ ಮಾತು ಪೂರ್ತಿ ಉತ್ತರವಾಗಲಾರದು.

ಇತ್ತೀಚಿನ ವರ್ಷಗಳು

2024ರ ಪ್ಯಾರಿಸ್‌ನಲ್ಲಿ ಚಿತ್ರ ಬದಲಾಯಿತು. ಗಾಯ ಮತ್ತು ಹಿಂದೆ ಸರಿಯುವಿಕೆಯಿಂದ ಮಹಿಳಾ ತಂಡ ಸೊರಗಿ, 1988ರ ನಂತರ ಮೊದಲ ಬಾರಿಗೆ ಮಹಿಳೆಯರ 100 ಮೀಟರಿನಲ್ಲಿ ಪದಕ ಬರಲಿಲ್ಲ. ಪುರುಷರ 100 ಮೀಟರಿನಲ್ಲಿ ಕಿಷೇನ್ ಥಾಂಪ್ಸನ್ ಮತ್ತು ಅಮೆರಿಕದ ನೋಹ ಲೈಲ್ಸ್ ಇಬ್ಬರಿಗೂ 9.79, ಸೆಕೆಂಡಿನ ಸಾವಿರದಲ್ಲಿ ಐದು ಭಾಗದಿಂದ ಚಿನ್ನ ತಪ್ಪಿತು. ಏಕೈಕ ಚಿನ್ನ ಬಂದದ್ದು ಯಾರೂ ನಿರೀಕ್ಷಿಸದ ಕಡೆಯಿಂದ: ರೋಜೆ ಸ್ಟೋನ ಡಿಸ್ಕಸ್ ಅನ್ನು 70 ಮೀಟರ್ ದೂರಕ್ಕೆ ಎಸೆದು ಒಲಿಂಪಿಕ್ ದಾಖಲೆ ಮಾಡಿದರು. ಗುಂಡು ಎಸೆತ, ಉದ್ದ ಜಿಗಿತ, ಟ್ರಿಪಲ್ ಜಂಪ್‌ಗಳಲ್ಲೂ ಪದಕ ಬಂದು ಜಮೈಕಾ ಓಟದಾಚೆಗೂ ಬೆಳೆಯುತ್ತಿರುವುದು ಕಂಡಿತು.

2025ರ ಸೆಪ್ಟೆಂಬರ್‌ನಲ್ಲಿ ಟೋಕಿಯೊದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಆಬ್ಲಿಕ್ ಸೆವಿಲ್ 9.77 ಸೆಕೆಂಡಿನಲ್ಲಿ 100 ಮೀ. ಗೆದ್ದರು, ಕಿಷೇನ್ ಥಾಂಪ್ಸನ್ ಎರಡನೆಯವರಾದರು. 2016ರಲ್ಲಿ ಬೋಲ್ಟ್ ಗೆದ್ದ ಮೇಲೆ ಒಲಿಂಪಿಕ್ಸ್ ಅಥವಾ ವಿಶ್ವ ಚಾಂಪಿಯನ್‌ಷಿಪ್‌ನ ಪುರುಷರ 100 ಮೀ. ಚಿನ್ನ ಜಮೈಕಾಕ್ಕೆ ಬಂದದ್ದು ಇದೇ ಮೊದಲು. ಫ್ರೇಸರ್-ಪ್ರೈಸ್ ಇದೇ ಕೂಟದಲ್ಲಿ ರಿಲೇ ಬೆಳ್ಳಿಯೊಂದಿಗೆ ವಿದಾಯ ಹೇಳಿದರು. ಸೆವಿಲ್ ಅವರ ಗುರು ಗ್ಲೆನ್ ಮಿಲ್ಸ್. ಓದಿದ್ದು ಹರ್ಬ್ ಮೆಕೆನ್ಲಿ ಅವರ ಕಲಬಾರ್ ಶಾಲೆಯಲ್ಲಿ.