ಎರಡನೇ ಪ್ರತಿ ಎಲ್ಲಿದೆ?

ಫೋಟೋ ಹುಚ್ಚು ಇರುವ ಯಾರ ಮನೆಗೆ ಹೋದರೂ ಕಂಪ್ಯೂಟರಿನ ಪಕ್ಕ ಒಂದು ಕರಿ ಡಬ್ಬಿ ಇರುತ್ತದೆ. ಹೆಚ್ಚೂ ಕಡಿಮೆ ಬ್ಯಾಂಕಿನ ಪಾಸ್‌ಬುಕ್ಕಿನಷ್ಟೇ ದೊಡ್ಡದು. ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್. ಕ್ಯಾಮೆರಾದ ಮೂಲ ಫೈಲುಗಳು, ಸ್ಕ್ಯಾನ್ ಮಾಡಿದ ಹಳೇ ಫೋಟೋಗಳು, ತಿದ್ದಿ ತೀಡಿದ ಪ್ರತಿಗಳು, ಎಲ್ಲಾ ಅದರೊಳಗೇ. ಲ್ಯಾಪ್‌ಟಾಪಿನಲ್ಲಿ ಜಾಗ ಸಾಲುವುದಿಲ್ಲ ಅಂತ ಕೊಂಡದ್ದು ನಿಧಾನವಾಗಿ ಅದೇ ತಿಜೋರಿಯಾಗಿಬಿಡುತ್ತದೆ. "ಬ್ಯಾಕಪ್ ಐತೇನ್ರೀ?" ಅಂತ ಕೇಳಿದರೆ ಆ ಡಬ್ಬಿಯನ್ನೇ ತೋರಿಸುತ್ತಾರೆ. ಮೂಲವೂ ಅದೇ, ಬ್ಯಾಕಪ್ಪೂ ಅದೇ!

ನಾನು ಓದಿದ್ದು ಬಿ.ಕಾಂ., ಮಾಡುವುದು ಬ್ಯಾಂಕ್ ನೌಕರಿ. ಕಂಪ್ಯೂಟರ್ ಪಂಡಿತನೇನಲ್ಲ. ಆದರೆ ಬ್ಯಾಂಕಿನವರಿಗೆ ನಕಲು ಪ್ರತಿಯ ಚಿಂತೆ ನೌಕರಿಯ ಮೊದಲ ದಿನದಿಂದಲೇ ಅಂಟಿಕೊಳ್ಳುತ್ತದೆ. ಹಾಗಾಗಿ ಈ 'ಎರಡನೇ ಪ್ರತಿ'ಯ ಇತಿಹಾಸವನ್ನು ಸ್ವಲ್ಪ ಕೆದಕೋಣ ಅನಿಸಿತು. ಕೆದಕುತ್ತಾ ಹೋದರೆ ಅದು ನಮ್ಮ ಲಕ್ಕುಂಡಿಗೂ ಹೋಯಿತು, ನಾನಿರುವ ಈ ಪುಣೆಗೂ ಬಂತು.

ಮೊದಲು ಫೋಟೋದ ಕಥೆ. 1839ರಲ್ಲಿ ಫ್ರಾನ್ಸಿನ ಡಗೇರ್ ತನ್ನ ಪದ್ಧತಿಯನ್ನು ಲೋಕಕ್ಕೆ ತೋರಿಸಿದ. ಬೆಳ್ಳಿಯ ಲೇಪವಿದ್ದ ತಾಮ್ರದ ತಗಡಿನ ಮೇಲೆ ಚಿತ್ರ, ಬಹಳ ಸ್ಪಷ್ಟ. ಆದರೆ ತಗಡು ಒಂದೇ. ಅದು ಹೋದರೆ ಚಿತ್ರ ಹೋಯಿತು. ಇಂಗ್ಲೆಂಡಿನ ಟಾಲ್ಬಟ್ 1841ರಲ್ಲಿ ಪೇಟೆಂಟ್ ಪಡೆದ ದಾರಿ ಬೇರೆ. ಕಾಗದದ ಮೇಲೆ ನೆಗೆಟಿವ್, ಅದರಿಂದ ಬೇಕಾದಷ್ಟು ಪ್ರಿಂಟು. ಚಿತ್ರ ಅಷ್ಟು ಸ್ಪಷ್ಟವಾಗಿರಲಿಲ್ಲ. ಆದರೂ ಮುಂದೆ ಗೆದ್ದದ್ದು ನೆಗೆಟಿವ್ ದಾರಿಯೇ.

ಈ ನೆಗೆಟಿವ್ ನಮಗೆ ಗೊತ್ತಿಲ್ಲದ ಹಾಗೆ ಒಂದು ಉಪಕಾರ ಮಾಡುತ್ತಿತ್ತು. ನೆಗೆಟಿವ್ ಸ್ಟುಡಿಯೋದಲ್ಲಿ, ಪ್ರಿಂಟು ನಮ್ಮ ಮನೆಯಲ್ಲಿ. ಮದುವೆ, ಮುಂಜಿವೆ ಅಂದರೆ ಇನ್ನೂ ನಾಲ್ಕು ಪ್ರಿಂಟು ಹಾಕಿಸಿ ಬೀಗರಿಗೆ, ನೆಂಟರಿಗೆ ಅಂಚೆಯಲ್ಲಿ ಕಳಿಸುವುದು. ಅಣ್ಣನ ಮದುವೆಯ ಫೋಟೋ ಬಾಗಲಕೋಟೆಯಲ್ಲಿ ಒಂದು, ವಿಜಾಪುರದ ಅತ್ತೆಯ ಮನೆಯಲ್ಲಿ ಒಂದು, ಮುಂಬೈಯ ಕಾಕಾನ ಟ್ರಂಕಿನಲ್ಲಿ ಒಂದು. ಯಾರೂ ಅದನ್ನು ಬ್ಯಾಕಪ್ ಅನ್ನಲಿಲ್ಲ. ಪ್ರೀತಿಗೆ ಕಳಿಸಿದ್ದು, ಅಷ್ಟೇ.

ಅದರ ಬೆಲೆ ನಮಗೆ ಗೊತ್ತಾದದ್ದು ಊರು ಹೋದ ಮೇಲೆ. ನಮ್ಮದು ಹಳೇ ಬಾಗಲಕೋಟೆ. ಕೃಷ್ಣೆಗೆ ಕಟ್ಟಿದ ಆಲಮಟ್ಟಿ ಅಣೆಕಟ್ಟನ್ನು 2006ರ ಆಗಸ್ಟಿನಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಲೋಕಾರ್ಪಣೆ ಮಾಡಿದರು. ಅಷ್ಟರೊಳಗೆ ಘಟಪ್ರಭೆಯ ಕಡೆಯಿಂದ ಹಿನ್ನೀರು ಊರಿನ ತಗ್ಗಿನ ಭಾಗಕ್ಕೆ ಬಂದಾಗಿತ್ತು, ಜನ ನವನಗರಕ್ಕೆ ಹೋಗಿದ್ದರು. ನಮ್ಮ ಮನೆ, ಪಡಸಾಲಿ, ಓಣಿ ಯಾವುದೂ ಈಗ ಇಲ್ಲ. ಓಣಿಯಲ್ಲಿದ್ದ ಸ್ಟುಡಿಯೋದವರು ಅಂಗಡಿ ಎತ್ತುವಾಗ ಹಳೇ ನೆಗೆಟಿವ್‌ಗಳನ್ನೆಲ್ಲಾ ಗುಜರಿಗೆ ಹಾಕಿದರಂತೆ. ನಮ್ಮ ಮನೆಯ ಆಲ್ಬಮ್ ಥಂಡಿಗೆ ಹಾಳೆಗೆ ಹಾಳೆ ಅಂಟಿಕೊಂಡಿತ್ತು. ಅವ್ವ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುವ ಒಂದು ಫೋಟೋ, ಅದರ ಹಿಂದೆ ನಮ್ಮ ಮನೆಯ ತಲಬಾಗಿಲು. ಆ ಬಾಗಿಲು ಕಾಣುವ ಬೇರೆ ಚಿತ್ರವೇ ಇಲ್ಲ. ಅದು ಸಿಕ್ಕಿದ್ದು ಮುಂಬೈ ಕಾಕಾನ ಟ್ರಂಕಿನಲ್ಲಿ.

ಹೀಗೆ ಮೂರು ಮನೆಯಿಂದ ಸೇರಿಸಿದ ಫೋಟೋಗಳನ್ನು ಸ್ಕ್ಯಾನ್ ಮಾಡಿ, ಬೂಷ್ಟು ಹಿಡಿದ ಕಲೆ ತೆಗೆದು, ಹಳದಿ ಇಳಿಸಿ, ಹರಿದ ಮೂಲೆ ಕೂಡಿಸುವ ಕೆಲಸವನ್ನು ಭಾನುವಾರಗಳಲ್ಲಿ ಮಾಡುತ್ತಿರುತ್ತೇನೆ. ಒಂದೊಂದು ಫೋಟೋಕ್ಕೆ ಎರಡು ಮೂರು ವಾರ. ಇಲ್ಲೊಂದು ತಮಾಷೆ ನೋಡಿ. ಮೂರು ಊರಲ್ಲಿ ಚದುರಿದ್ದದ್ದು ಈ ಕೆಲಸದಿಂದ ಒಂದು ಡಬ್ಬಿಗೆ ಬಂತು. ಸಂಗ್ರಹ ಚೆನ್ನಾದಷ್ಟೂ ಅಪಾಯವೂ ಜಾಸ್ತಿ ಆಯಿತು. ಹಳೇ ಪ್ರಿಂಟುಗಳೋ ವರ್ಷದಿಂದ ವರ್ಷಕ್ಕೆ ಮಾಸುತ್ತಿವೆ.

ನಮ್ಮ ಹಿಂದಿನವರಿಗೆ ಈ ಅಪಾಯ ಚೆನ್ನಾಗಿ ಗೊತ್ತಿತ್ತು. ದಾನಚಿಂತಾಮಣಿ ಅತ್ತಿಮಬ್ಬೆಯ ಹೆಸರನ್ನು ಶಾಲೆಯಲ್ಲಿ ಓದಿದ್ದೀರಿ. ರನ್ನನಿಗೆ ಆಶ್ರಯ ಕೊಟ್ಟವಳು, ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದವಳು. ಅವಳು ಪೊನ್ನನ ಶಾಂತಿಪುರಾಣದ ಒಂದು ಸಾವಿರ ಪ್ರತಿ ಬರೆಸಿ ಹಂಚಿದಳು. ಅಚ್ಚಿನ ಯಂತ್ರವಿಲ್ಲದ ಕಾಲ. ಪ್ರತಿಯೊಂದು ಗರಿಯನ್ನೂ ಲಿಪಿಕಾರ ಕಂಠದಿಂದ ಕೊರೆಯಬೇಕು. ಅವಳು ಮಾಡಿದ್ದು ಪುಣ್ಯಕ್ಕಾಗಿ, ಜೈನರಲ್ಲಿ ಶಾಸ್ತ್ರದಾನ ದೊಡ್ಡ ದಾನ. ಆದರೆ ಲೆಕ್ಕದವನ ಕಣ್ಣಿಂದ ನೋಡಿದರೆ, ಸಾವಿರ ಪ್ರತಿ ಬರೆಸಿದ್ದಕ್ಕಿಂತ ಅವನ್ನು ಹಂಚಿದ್ದೇ ದೊಡ್ಡ ಕೆಲಸ. ಸಾವಿರವನ್ನೂ ಒಂದೇ ಬಸದಿಯ ಕೋಣೆಯಲ್ಲಿ ಇಟ್ಟಿದ್ದರೆ ಒಂದು ಬೆಂಕಿಕಡ್ಡಿ ಸಾಕಿತ್ತು.

ಇದಕ್ಕೆ ವಿರುದ್ಧ ಉದಾಹರಣೆ ಮೂಡುಬಿದಿರೆ. ಷಟ್ಖಂಡಾಗಮ ಮತ್ತು ಅದರ ಧವಲಾ ಟೀಕೆಯ ಹಳಗನ್ನಡ ಲಿಪಿಯ ತಾಳೆಗರಿಗಳು ಉಳಿದದ್ದು ಅಲ್ಲಿಯ ಬಸದಿಯಲ್ಲಿ ಮಾತ್ರ. ಶತಮಾನಗಳ ಕಾಲ ಅವು ಓದುವ ಗ್ರಂಥಕ್ಕಿಂತ ಹೆಚ್ಚಾಗಿ ದರ್ಶನದ ವಸ್ತುವಾಗಿದ್ದವು. 19ನೇ ಶತಮಾನದ ಕೊನೆಗೆ ನಕಲು ಮಾಡುವ ಕೆಲಸ ಶುರುವಾಯಿತು. ಹೀರಾಲಾಲ್ ಜೈನ್ ಅವರ ಸಂಪಾದನೆಯಲ್ಲಿ ಮೊದಲ ಸಂಪುಟ 1939ರಲ್ಲಿ ಅಚ್ಚಾಯಿತು. ಅಲ್ಲಿಯವರೆಗೆ ಒಂದು ಊರಿನ ಗೆದ್ದಲಿನ ಮರ್ಜಿಯಲ್ಲಿ ಇಡೀ ಗ್ರಂಥ ನಿಂತಿತ್ತು ಅಂದರೆ ಮೈ ಜುಂ ಅನ್ನುತ್ತದೆ.

ತಾಳೆಗರಿ ಹಳೇ ಕಾಲದ ಮಾತಾಯಿತು, ಈಗ ಹಾಗಾಗುವುದಿಲ್ಲ ಅನ್ನುತ್ತೀರಾ? ಹಾಗಾದರೆ ಪುಣೆಗೆ ಬನ್ನಿ.

ಇಲ್ಲಿ ಲಾ ಕಾಲೇಜ್ ರಸ್ತೆಯಲ್ಲಿ ಫಿಲ್ಮ್ ಇನ್‌ಸ್ಟಿಟ್ಯೂಟ್ ಇದೆ. ಕೊಲ್ಲಾಪುರದಿಂದ 1933ರಲ್ಲಿ ಬಂದ ಪ್ರಭಾತ್ ಸ್ಟುಡಿಯೋದ ಜಾಗ ಅದು. 1964ರಲ್ಲಿ ಈ ಊರಲ್ಲೇ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಶುರುವಾಯಿತು. ಅದನ್ನು ಕಟ್ಟಿದ ಪಿ.ಕೆ. ನಾಯರ್ 2016ರಲ್ಲಿ ಪುಣೆಯಲ್ಲೇ ತೀರಿಕೊಂಡರು. ಊರೂರು ಅಲೆದು ರೀಲು ಕೂಡಿಹಾಕಿದ ಮನುಷ್ಯ. ಹಳೇ ಫಿಲ್ಮು ನೈಟ್ರೇಟ್ ಫಿಲ್ಮು. ಅದು ಒಮ್ಮೆ ಹೊತ್ತಿಕೊಂಡರೆ ತನಗೆ ಬೇಕಾದ ಆಮ್ಲಜನಕವನ್ನು ತಾನೇ ಒದಗಿಸಿಕೊಳ್ಳುತ್ತದೆ, ನೀರು ಹಾಕಿದರೂ ಆರುವುದಿಲ್ಲ. 2003ರ ಜನವರಿ 8ರಂದು ಇನ್‌ಸ್ಟಿಟ್ಯೂಟಿನ ಆವರಣದಲ್ಲಿದ್ದ ನೈಟ್ರೇಟ್ ಕೋಠಿಗೆ ಬೆಂಕಿ ಬಿತ್ತು. ಸಾವಿರಾರು ರೀಲು ಸುಟ್ಟವು. ಯಾವುದರ ಪ್ರತಿಯನ್ನು ಮೊದಲೇ ಸೇಫ್ಟಿ ಫಿಲ್ಮಿಗೆ ಇಳಿಸಿ ಬೇರೆ ಕಡೆ ಇಟ್ಟಿದ್ದರೋ ಆ ಚಿತ್ರ ಇವತ್ತಿಗೂ ಇದೆ. ಇಳಿಸದೇ ಇದ್ದದ್ದು ಬೂದಿ. ನೋಡಿ, ಇಟ್ಟವರೇನು ಸಾಮಾನ್ಯರಲ್ಲ, ಕಾಪಾಡುವುದೇ ಅವರ ಕೆಲಸ. ಆದರೂ ಉಳಿದದ್ದು ಮತ್ತು ಅಳಿದದ್ದನ್ನು ತೀರ್ಮಾನಿಸಿದ್ದು ಎರಡನೇ ಪ್ರತಿಯೇ.

ನಮ್ಮ ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ'ಕ್ಕೆ ಆ ಭಾಗ್ಯವೂ ಇಲ್ಲ. ವೈ.ವಿ. ರಾವ್ ನಿರ್ದೇಶನ, ಸುಬ್ಬಯ್ಯ ನಾಯ್ಡು ಮತ್ತು ತ್ರಿಪುರಾಂಬ ಮುಖ್ಯ ಪಾತ್ರದಲ್ಲಿ. 1934ರ ಮಾರ್ಚ್ 3ರಂದು ಬಿಡುಗಡೆ. ಚಿತ್ರೀಕರಣ ನಡೆದದ್ದು ಇಲ್ಲಿಂದ ಐದಾರು ತಾಸಿನ ಹಾದಿಯ ಕೊಲ್ಲಾಪುರದಲ್ಲಿ. ಇವತ್ತು ಅದರ ಒಂದು ಪ್ರತಿಯೂ ಇಲ್ಲ. ಹೆಸರು, ದಿನಾಂಕ, ಕೆಲವು ಸ್ಥಿರಚಿತ್ರ ಬಿಟ್ಟರೆ ನಮ್ಮ ಮೊದಲ ಮಾತಿನ ಚಿತ್ರದ ಮಾತು ಯಾರೂ ಕೇಳುವ ಹಾಗಿಲ್ಲ.

ಈಗ ನನ್ನ ಕ್ಷೇತ್ರಕ್ಕೆ ಬರುತ್ತೇನೆ. ರಂಗರಾಜನ್ ಸಮಿತಿಯ 1984ರ ವರದಿಯ ಮೇಲೆ ಬ್ಯಾಂಕುಗಳಿಗೆ ಲೆಡ್ಜರ್ ಪೋಸ್ಟಿಂಗ್ ಯಂತ್ರಗಳು ಬಂದವು. ನಾನು ಸೇರುವ ಹೊತ್ತಿಗೆ ಸಂಜೆ 'ಡೇ ಎಂಡ್' ಆದ ಮೇಲೆ ಫ್ಲಾಪಿಗೆ ಬ್ಯಾಕಪ್ ತೆಗೆಯುವುದು ನಿತ್ಯಕರ್ಮ. ಒಂದು ಪ್ರತಿ ಶಾಖೆಯ ಫೈರ್‌ಪ್ರೂಫ್ ಕಪಾಟಿನಲ್ಲಿ, ಇನ್ನೊಂದು ಬೇರೆ ಶಾಖೆಗೆ. "ಎರಡೂ ಇಲ್ಲೇ ಇಟ್ಟರೆ ಏನ್ರೀ ಆಗತದ?" ಅಂತ ಹೊಸಬರು ಕೇಳುತ್ತಿದ್ದರು. 2005ರ ಜುಲೈ 26ಕ್ಕೆ ಮುಂಬೈಯ ಸಾಂತಾಕ್ರೂಜ್‌ನಲ್ಲಿ 24 ತಾಸಿನಲ್ಲಿ 944 ಮಿ.ಮೀ. ಮಳೆ ಬಿದ್ದಾಗ ಉತ್ತರ ಸಿಕ್ಕಿತು. ಈಗ ಬ್ಯಾಂಕುಗಳ ಮುಖ್ಯ ಕಂಪ್ಯೂಟರ್ ಕೇಂದ್ರ ಒಂದು ಊರಿನಲ್ಲಿದ್ದರೆ ಅದರ ಜೋಡಿ ಕೇಂದ್ರ ದೂರದ ಇನ್ನೊಂದು ಊರಿನಲ್ಲಿ, ಒಂದೇ ಭೂಕಂಪಕ್ಕೆ ಎರಡೂ ಸಿಗದ ಹಾಗೆ. ಅಷ್ಟೇ ಅಲ್ಲ, ಆಗಾಗ ಮುಖ್ಯ ಕೇಂದ್ರ ಬಿಟ್ಟು ಜೋಡಿ ಕೇಂದ್ರದಿಂದ ಕೆಲಸ ನಡೆಸಿ ನೋಡುತ್ತಾರೆ. ತೆರೆದು ನೋಡದ ಬ್ಯಾಕಪ್ಪನ್ನು ಲೆಕ್ಕಕ್ಕೆ ಹಿಡಿಯುವ ಹಾಗಿಲ್ಲ.

ತೆರೆದು ನೋಡದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಪಿಕ್ಸಾರ್ ಕಂಪನಿಯ 'ಟಾಯ್ ಸ್ಟೋರಿ 2' ಕಥೆ ಪ್ರಸಿದ್ಧ. 1998ರಲ್ಲಿ ಒಂದು ತಪ್ಪು ಆಜ್ಞೆಗೆ ಸಿನಿಮಾದ ಫೈಲುಗಳು ಅಳಿಸಿಹೋಗತೊಡಗಿದವು. ಬ್ಯಾಕಪ್ ಇತ್ತು, ತೆಗೆದು ನೋಡಿದರೆ ಅದು ಕೆಟ್ಟಿತ್ತು! ಮಗು ಹುಟ್ಟಿದ್ದರಿಂದ ಮನೆಯಿಂದ ಕೆಲಸ ಮಾಡುತ್ತಿದ್ದ ಗ್ಯಾಲಿನ್ ಸುಸ್ಮನ್ ಎಂಬಾಕೆಯ ಮನೆಯ ಕಂಪ್ಯೂಟರಿನಲ್ಲಿ ಒಂದು ಪ್ರತಿ ಇತ್ತು. ಅದನ್ನು ಕಂಬಳಿ ಸುತ್ತಿ ಕಾರಿನಲ್ಲಿ ತಂದರಂತೆ. ಇಲ್ಲೂ ಕಾಪಾಡಿದ್ದು ಬೇರೆ ಮನೆಯಲ್ಲಿದ್ದ ಪ್ರತಿಯೇ.

ಹಾರ್ಡ್ ಡಿಸ್ಕಿನ ಬಗ್ಗೆಯೂ ಎರಡು ಮಾತು. 1956ರಲ್ಲಿ ಐಬಿಎಂ ತಂದ ಮೊದಲ ಡಿಸ್ಕ್ ಘಟಕದಲ್ಲಿ 24 ಇಂಚಿನ 50 ತಟ್ಟೆಗಳಿದ್ದವು, ಭಾರ ಸುಮಾರು ಒಂದು ಟನ್. ಹಿಡಿಯುತ್ತಿದ್ದದ್ದು 5 ಎಂಬಿಗಿಂತ ಕಡಿಮೆ. ನನ್ನ ಸ್ಕ್ಯಾನಿನ ಒಂದು ಫೋಟೋ ಅದರಲ್ಲಿ ಕೂಡುವುದಿಲ್ಲ. ಈಗ ಅಂಗೈಯಲ್ಲಿ 2 ಟಿಬಿ. ಆದರೆ ಒಳಗಿನ ತತ್ವ ಬದಲಾಗಿಲ್ಲ. ತಟ್ಟೆ ತಿರುಗುತ್ತದೆ, ಅದರ ಮೇಲೆ ಕೂದಲೆಳೆಗಿಂತಲೂ ಕಡಿಮೆ ಅಂತರದಲ್ಲಿ ಸೂಜಿಯಂಥ ಕೈ ಓಡಾಡುತ್ತದೆ. ಟೇಬಲ್ಲಿನಿಂದ ಕೆಳಗೆ ಬಿದ್ದರೆ ಮುಗಿಯಿತು. ತಟ್ಟೆಯಿಲ್ಲದ ಎಸ್‌ಎಸ್‌ಡಿ ಬಿದ್ದರೂ ತಡೆದೀತು, ಆದರೆ ಕರೆಂಟ್ ಕೊಡದೆ ವರ್ಷಗಟ್ಟಲೆ ಕಪಾಟಿನಲ್ಲಿಟ್ಟರೆ ಅದರೊಳಗಿನದು ನಿಧಾನವಾಗಿ ಅಳಿಯಬಹುದು.

ಹಾಗಾದರೆ ಮಾಡುವುದೇನು? ಫೋಟೋಗ್ರಾಫರ್ ಪೀಟರ್ ಕ್ರೋ ಬರೆದು ಪ್ರಸಿದ್ಧಿಗೆ ತಂದ 3-2-1 ಸೂತ್ರವಿದೆ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಮನೆಯಿಂದ ಹೊರಗೆ. ಅದನ್ನು ನಮ್ಮ ಮನೆಗೆ ಹೊಂದಿಸಿಕೊಂಡ ರೀತಿ ಹೇಳುತ್ತೇನೆ.

ಕೆಲಸದ ಡ್ರೈವ್ ಒಂದು. ಭಾನುವಾರ ಕೆಲಸ ಮುಗಿದ ಮೇಲೆ ಅದರ ಪ್ರತಿ ಎರಡನೇ ಡ್ರೈವಿಗೆ, ಪ್ರತಿ ಆದಕೂಡಲೇ ಕೇಬಲ್ ಕಿತ್ತು ಬೇರೆ ಕೋಣೆಯಲ್ಲಿ. ಸದಾ ಹಚ್ಚಿಯೇ ಇಟ್ಟರೆ ವೈರಸ್ಸು, ಸಿಡಿಲು ಎರಡನ್ನೂ ಒಟ್ಟಿಗೇ ತಿನ್ನುತ್ತವೆ. ಮೂರನೆಯದು ನವನಗರದಲ್ಲಿ ಅಣ್ಣನ ಮನೆಯಲ್ಲಿ. ದೀಪಾವಳಿಗೆ ಊರಿಗೆ ಹೋಗುವಾಗ ಹೊಸ ಪ್ರತಿ ಒಯ್ಯುವುದು, ಹಳೆಯದನ್ನು ತರುವುದು. ತಂದ ಮೇಲೆ ಹತ್ತು ಹದಿನೈದು ಫೋಟೋ ಅಲ್ಲಲ್ಲಿ ತೆರೆದು ನೋಡುವುದು.

ತಿದ್ದುವ ಕೆಲಸ ಮಾಡುವವರು ಇನ್ನೊಂದು ಗಮನಿಸಬೇಕು. ಲೈಟ್‌ರೂಮ್ ಬಳಸುವವರಿಗೆ ಅದು ಆಗಾಗ "ಕ್ಯಾಟಲಾಗ್ ಬ್ಯಾಕಪ್ ಮಾಡಲೇ?" ಅಂತ ಕೇಳುತ್ತದೆ. ಹೂಂ ಅಂದರೆ ಉಳಿಯುವುದು ನೀವು ಮಾಡಿದ ತಿದ್ದುಪಡಿಯ ಟಿಪ್ಪಣಿ ಮಾತ್ರ, ಫೋಟೋ ಅಲ್ಲ. ಲೆಡ್ಜರ್ ಉಳಿದು ನಗದು ಹೋದ ಹಾಗೆ! ಮೂಲ ಫೋಟೋ, ಕ್ಯಾಟಲಾಗ್, ಸಿದ್ಧವಾದ ಪ್ರತಿ, ಮೂರನ್ನೂ ನಕಲಿಸಬೇಕು. ಹಾಗೇ 'ಸಿಂಕ್' ಅನ್ನುವುದನ್ನೂ ಬ್ಯಾಕಪ್ ಅಂತ ನಂಬಬೇಡಿ. ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ.

ಬ್ಯಾಂಕ್ ಲಾಕರ್? ಇಡಬಹುದು, ಒಳ್ಳೆಯದೇ. ಆದರೆ 2022ರ ಜನವರಿಯಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕ್ ನಿಯಮದಂತೆ ಬೆಂಕಿ, ಕಳ್ಳತನದಂಥ ಪ್ರಕರಣದಲ್ಲಿ ಬ್ಯಾಂಕಿನ ಹೊಣೆ ವರ್ಷದ ಬಾಡಿಗೆಯ ನೂರು ಪಟ್ಟಿನವರೆಗೆ. ಬಂಗಾರಕ್ಕೆ ಆ ಲೆಕ್ಕ ಸ್ವಲ್ಪ ಸಮಾಧಾನ ಕೊಟ್ಟೀತು. ತಲಬಾಗಿಲಿನ ಮುಂದೆ ಕೂತ ಅವ್ವನ ಫೋಟೋಕ್ಕೆ ಯಾವ ನೂರು ಪಟ್ಟು?

ಊರು ಬಿಟ್ಟು ಬಂದವರು ನಾವು. ಒಬ್ಬರು ಪುಣೆ, ಒಬ್ಬರು ಮುಂಬೈ, ಒಬ್ಬರು ಹುಬ್ಬಳ್ಳಿ, ಮಕ್ಕಳು ಇನ್ನೆಲ್ಲೋ. ಹೀಗೆ ಚದುರಿದ್ದಕ್ಕೆ ಎಷ್ಟೋ ಸಲ ಬೇಸರ ಮಾಡಿಕೊಂಡಿದ್ದೇವೆ. ಫೋಟೋ ಉಳಿಸುವ ವಿಷಯದಲ್ಲಿ ಮಾತ್ರ ಈ ಚದುರುವಿಕೆ ದೊಡ್ಡ ಅನುಕೂಲ. ದುಡ್ಡು ಕೊಟ್ಟರೂ ಸಿಗದಂಥ ಶಾಖೆಗಳು ನಮಗೆ ನಾಲ್ಕು ಊರಲ್ಲಿವೆ. ಈ ಸಲ ಅಕ್ಕನ ಮನೆಗೋ ತಮ್ಮನ ಮನೆಗೋ ಹೋಗುವಾಗ ಪೇಢೆ, ಭಾಕರವಡಿಯ ಜೊತೆ ಒಂದು ಡ್ರೈವನ್ನೂ ಒಯ್ಯಿರಿ. ಅದರ ಮೇಲೆ ಒಂದು ಚೀಟಿ ಅಂಟಿಸಿ, ಒಳಗೇನಿದೆ, ಯಾವ ದಿನಾಂಕದ್ದು ಅಂತ ಕನ್ನಡದಲ್ಲಿ ಬರೆಯಿರಿ. ನಾವಿಲ್ಲದ ಕಾಲಕ್ಕೆ ಅದನ್ನು ತೆರೆಯುವವರಿಗೆ ಆ ಚೀಟಿ ಬೇಕಾಗುತ್ತದೆ.